ನೋಡಿ ಕಲಿ, ಮುಚ್ಚಿಟ್ಟು ಮಾಡು

ಶಾಲೆಯಿಂದ ಬಂದ ಮಗಳು, “ಕಂಪ್ಯೂಟರಿನಲ್ಲಿ ಪೆನ್ನು ಇಡುವ ಡಬ್ಬಿಯ ಮಾದರಿ ಮಾಡಿಕೊಂಡು ಬರಬೇಕಂತೆ” ಎಂದಳೆನ್ನಿ. ನೀವು ಗಾಬರಿಪಡಬೇಕಾಗಿಲ್ಲ. ಹೊಸಬರಿಗೆಂದೇ ಟಿಂಕರ್‌ಕ್ಯಾಡ್ ಎಂಬ ತಂತ್ರಾಂಶವಿದೆ. 2011ರಲ್ಲಿ ಬಳಕೆಗೆ ಬಂದ ಇದನ್ನು 2013ರಲ್ಲಿ ಆಟೋಡೆಸ್ಕ್ ಸಂಸ್ಥೆ ಕೊಂಡುಕೊಂಡಿತು. ಇದಕ್ಕೆ ಹಣ ತೆರಬೇಕಾಗಿಲ್ಲ. ಅಂತರಜಾಲವಿದ್ದರೆ ಬ್ರೌಸರಿನಲ್ಲಿಯೇ ತೆರೆದುಕೊಳ್ಳುತ್ತದೆ. ಹೆಜ್ಜೆಹೆಜ್ಜೆಯಾಗಿ ಕಲಿಸುವ ಪಾಠಗಳೂ ಅದರ ಜೊತೆಗೇ ಇವೆ.

ತೊಡಕಿರುವುದು ಈ ಪಾಠಗಳಲ್ಲಿಯೇ. ಹೇಳಿದಂತೆ ಗುಂಡಿ ಒತ್ತುತ್ತ ಹೋದರೆ ಅಂದವಾದ ಡಬ್ಬಿಯೇನೋ ತೆರೆಯ ಮೇಲೆ ನಿಲ್ಲುತ್ತದೆ. ಮರುದಿನ ಉಪಾಧ್ಯಾಯರು, “ಇದನ್ನು ಒಂದು ಸೆಂಟಿಮೀಟರ್ ಅಗಲ ಮಾಡಮ್ಮ” ಎಂದರೆ ಹುಡುಗಿಗೆ ಕೈ ಓಡುವುದಿಲ್ಲ. ಡಬ್ಬಿ ಬಂದಿತು, ವಿದ್ಯೆ ಬರಲಿಲ್ಲ.

ಬಾನುಲಿಯಲ್ಲಿ ಸಂಗೀತಪಾಠ ಕೇಳಿದವರಿಗೆ ಇದು ಹೊಸ ಮಾತಲ್ಲ. ಗುರುಗಳು ಒಂದು ಸಾಲು ಹಾಡಿ ನಿಲ್ಲಿಸಿದಾಗ ತಾನೂ ಹಾಡಿದವನಿಗೆ ಪಾಠ ಹತ್ತಿತು. ತಲೆದೂಗಿದವನಿಗೆ ಕೇಳಿದ ಸುಖವಷ್ಟೇ ಉಳಿಯಿತು.

ಆ ಡಬ್ಬಿಯ ಒಳಗುಟ್ಟನ್ನೇ ನೋಡಿ. ತೆರೆಯ ಮೇಲಿನ ಚೌಕಳಿ ಹಾಸಿನ ಮೇಲೆ ಒಂದು ಪೆಟ್ಟಿಗೆಯನ್ನು ಎಳೆದಿಟ್ಟು, ಉದ್ದ 80, ಅಗಲ 80, ಎತ್ತರ 100 ಮಿಲಿಮೀಟರ್ ಎಂದು ಅಳತೆ ಕೊಡಬೇಕು. ಇನ್ನೊಂದು ಪೆಟ್ಟಿಗೆಗೆ 74, 74, 100 ಎಂದು ಕೊಟ್ಟು, ಅದನ್ನು ‘ಹೋಲ್’, ಅಂದರೆ ಪೊಳ್ಳು, ಎಂದು ಗುರುತಿಸಬೇಕು. ಈ ಪೊಳ್ಳನ್ನು ಹಾಸಿನಿಂದ 3 ಮಿಲಿಮೀಟರ್ ಮೇಲೆತ್ತಿ, ಮೊದಲ ಪೆಟ್ಟಿಗೆಯ ನಡುವಿಗೆ ಸರಿಸಿ, ಎರಡನ್ನೂ ಆರಿಸಿ ‘ಗ್ರೂಪ್’ ಒತ್ತಿದರೆ ಪೊಳ್ಳಿನಷ್ಟು ಭಾಗ ಕೊರೆದುಹೋಗುತ್ತದೆ. ಸುತ್ತಲೂ 3 ಮಿಲಿಮೀಟರ್ ಗೋಡೆ, ಕೆಳಗೆ ಅಷ್ಟೇ ದಪ್ಪದ ತಳ ಉಳಿಯುತ್ತವೆ. ಪೊಳ್ಳನ್ನು ಮೇಲೆತ್ತುವುದನ್ನು ಮರೆತರೆ? ತಳವಿಲ್ಲದ ಡಬ್ಬಿ!

ಇನ್ನು ಉಪಾಧ್ಯಾಯರ ಪ್ರಶ್ನೆ. ಸೇರಿಸಿದ ಡಬ್ಬಿಯನ್ನೇ ಹಿಗ್ಗಿಸಿದರೆ ಗೋಡೆಯೂ ಹಿಗ್ಗುತ್ತದೆ. ಅಗಲ 160 ಆದರೆ ಆ ದಿಕ್ಕಿನ ಗೋಡೆ 6 ಮಿಲಿಮೀಟರ್ ದಪ್ಪವಾಗುತ್ತದೆ. ಆದ್ದರಿಂದ ‘ಅನ್‌ಗ್ರೂಪ್’ ಮಾಡಿ, ಹೊರಗಿನ ಅಗಲ 90, ಪೊಳ್ಳಿನ ಅಗಲ 84 ಎಂದು ತಿದ್ದಿ, ನಡುವಿಗೆ ತಂದು, ಮತ್ತೆ ಸೇರಿಸಬೇಕು. ಗೋಡೆ ಉಳಿಯುವ ಕಾರಣ ತಿಳಿದವಳಿಗೆ ಇದು ಎರಡು ನಿಮಿಷದ ಕೆಲಸ.

ಆದುದರಿಂದ ಮಕ್ಕಳಿಗೆ ಮೂರು ಮಾತು ಹೇಳಿ. ಪಾಠ ತೆರೆಯುವ ಮೊದಲು ಮನೆಯ ಪೆನ್ನುಗಳನ್ನು ಅಡಿಕೋಲಿನಿಂದ ಅಳೆದು, ಕಾಗದದ ಮೇಲೆ ಡಬ್ಬಿಯ ಚಿತ್ರ ಬರೆಯಲಿ. ಪಾಠದ ಪ್ರತಿ ಹೆಜ್ಜೆಗೂ ನಿಂತು, “ಇದು ಏಕೆ?” ಎಂದು ಕೇಳಿಕೊಳ್ಳಲಿ. ಕೊನೆಗೆ ಪಾಠವನ್ನು ಮುಚ್ಚಿಟ್ಟು, ಬೇರೆ ಅಳತೆಯಲ್ಲಿ ಇನ್ನೊಮ್ಮೆ ಮಾಡಲಿ.

ಈ ಎರಡನೆಯ ಡಬ್ಬಿ ಸ್ವಲ್ಪ ಸೊಟ್ಟಗಿದ್ದರೂ ಚಿಂತೆಯಿಲ್ಲ. ಶಾಲೆಗೆ ಅದನ್ನೇ ಕಳುಹಿಸಿ. ಅದು ನಿಮ್ಮ ಮಗಳದು.