ಕ್ರೈಸ್ತ ಧರ್ಮಗ್ರಂಥವೂ ಚಿತ್ರಕಲೆಯೂ: ಮಂಗಳೂರು ಮತ್ತು ಸಿಲ್ವೆಪುರಗಳ ಎರಡು ನಿದರ್ಶನಗಳು

ಬೆಂಗಳೂರಿನ ಉತ್ತರಕ್ಕೆ, ಯಲಹಂಕದಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ರಾಜಾನುಕುಂಟೆ ಎಂಬ ಊರು ದೊರೆಯುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ತಿರುಗಿದರೆ ಹೆಸರಘಟ್ಟ. ಹೆಸರಘಟ್ಟದಿಂದ ಚಿಕ್ಕಬಾಣಾವರದ ಕಡೆಗೆ ಬರುವ ರಸ್ತೆಯಲ್ಲಿ ಸಿಲ್ವೆಪುರ. ಶಿಲುಬೆಯನ್ನು ತನ್ನ ಹೆಸರಿನಲ್ಲಿಯೇ ಹೊತ್ತಿರುವ ಈ ಗ್ರಾಮಕ್ಕೆ ೧೯೭೦ರ ದಶಕದ ಮೊದಲ ವರ್ಷಗಳಲ್ಲಿ ಜ್ಯೋತಿ ಸಾಹಿ ಎಂಬ ಚಿತ್ರಕಾರರು ಬಂದು ನೆಲಸಿದರು. ಮುಂದೆ ಅಲ್ಲಿಯೇ ಒಂದು ಕಲಾ ಆಶ್ರಮವೂ ಹುಟ್ಟಿಕೊಂಡಿತು. ಸುವಾರ್ತೆಯ ಸಂಗತಿಗಳನ್ನು ಈ ನೆಲದ ರೇಖೆಯಲ್ಲಿ, ಈ ನೆಲದ ಸಂಕೇತಗಳಲ್ಲಿ ಹೇಳಬಹುದೇ ಎಂಬ ಪ್ರಶ್ನೆಯನ್ನು ಅವರು ಹಲವು ದಶಕಗಳ ಕಾಲ ಕುಂಚದ ಮೂಲಕ ಕೇಳುತ್ತ ಬಂದರು. ಆ ಪ್ರಶ್ನೆಯ ಸ್ವರೂಪವನ್ನು ವಿವರಿಸುವುದೇ ಈ ಲೇಖನದ ಉದ್ದೇಶ. ಅದಕ್ಕಾಗಿ ಸಿಲ್ವೆಪುರದ ಜೊತೆಗೆ, ಅದಕ್ಕಿಂತ ಮುಕ್ಕಾಲು ಶತಮಾನ ಹಿಂದಿನ ಮಂಗಳೂರಿನ ಒಂದು ಕಿರುದೇವಾಲಯವನ್ನೂ ನಾವು ನೋಡಬೇಕಾಗುವುದು.

ಧರ್ಮಗ್ರಂಥವೊಂದನ್ನು ಚಿತ್ರಿಸುವುದೆಂದರೇನು? ಸಾಮಾನ್ಯವಾಗಿ ದೊರೆಯುವ ಉತ್ತರ ಹಳೆಯದು. ಕ್ರಿ. ಶ. ೬೦೦ರ ಸುಮಾರಿಗೆ ಮಾರ್ಸೆಲ್ಸ್ ನಗರದ ಬಿಷಪ್ ಸೆರೆನಸನು ತನ್ನ ಇಗರ್ಜಿಗಳ ಚಿತ್ರಗಳನ್ನು ಒಡೆಸಿಹಾಕಿದಾಗ, ಪೋಪ್ ಮಹಾ ಗ್ರೆಗರಿಯು ಅವನಿಗೆ ಬರೆದ ಪತ್ರಗಳಲ್ಲಿ, ಓದಬಲ್ಲವರಿಗೆ ಗ್ರಂಥ ಹೇಗೋ ಓದಲಾರದವರಿಗೆ ಚಿತ್ರ ಹಾಗೆ ಎಂಬ ವಾದವನ್ನು ಮುಂದಿಟ್ಟನು. ಇದರಂತೆ ಚಿತ್ರವು ಗ್ರಂಥದ ಸೇವಕ. ಕಥೆಯನ್ನು ಕಣ್ಣಿಗೆ ಕಾಣಿಸುವುದಷ್ಟೇ ಅದರ ಕೆಲಸ. ಈ ಉತ್ತರ ನಮಗೆ ಸಾಲದೆಂದು ತೋರುತ್ತದೆ. ಗ್ರಂಥವು ಎಷ್ಟೋ ಕಡೆ ಸುಮ್ಮನಿರುತ್ತದೆ. ಯೇಸುವಿನ ಮೈಬಣ್ಣ ಯಾವುದು, ಮರಿಯಳು ಉಟ್ಟ ಬಟ್ಟೆ ಎಂಥದು, ದೇವದೂತನು ಬಂದಾಗ ಅವಳು ಯಾವ ಕೆಲಸದಲ್ಲಿ ತೊಡಗಿದ್ದಳು—ಸುವಾರ್ತಾಕಾರರು ಇದೊಂದನ್ನೂ ಹೇಳುವುದಿಲ್ಲ. ಬರಹಗಾರನಿಗೆ ಈ ಮೌನ ಸಾಧ್ಯ, ಚಿತ್ರಕಾರನಿಗೆ ಸಾಧ್ಯವಿಲ್ಲ. ಅವನು ಬಣ್ಣವನ್ನು ಆರಿಸಲೇಬೇಕು, ಬಟ್ಟೆಯನ್ನು ತೊಡಿಸಲೇಬೇಕು, ಹಿನ್ನೆಲೆಯಲ್ಲಿ ಮನೆಯನ್ನೋ ಮರವನ್ನೋ ನಿಲ್ಲಿಸಲೇಬೇಕು. ಹಾಗೆ ಆರಿಸಿದೊಡನೆ ಅವನು ಗ್ರಂಥಕ್ಕೆ ಅರ್ಥ ಹೇಳಿದಂತಾಯಿತು. ಸಾಹಿತ್ಯವನ್ನು ಪಾಠ ಹೇಳುವವರಿಗೆ ಈ ಮಾತು ಹೊಸದಲ್ಲ: ಮೂಲದ ಜೊತೆಗೆ ಟೀಕೆಯನ್ನು ಓದುವ ಅಭ್ಯಾಸ ನಮಗುಂಟು. ಕ್ರೈಸ್ತ ಚಿತ್ರವನ್ನೂ ಟೀಕೆಯೆಂದೇ ಓದಬೇಕೆಂಬುದು ನಮ್ಮ ವಾದ. ಸುವಾರ್ತಾಕಾರರಲ್ಲಿ ಒಬ್ಬನಾದ ಸಂತ ಲೂಕನನ್ನೇ ಕ್ರೈಸ್ತ ಪರಂಪರೆಯು ಚಿತ್ರಕಾರರ ಪಾಲಕನೆಂದು ಗೌರವಿಸುತ್ತ ಬಂದಿರುವುದು ಇಲ್ಲಿ ಸ್ಮರಣೀಯ.

ಭಾರತದಲ್ಲಿ ಈ ಟೀಕೆಯ ಕೆಲಸ ಕ್ರೈಸ್ತರಿಂದಲೇ ಆರಂಭವಾಗಲಿಲ್ಲ. ೧೫೮೦ರಲ್ಲಿ ಯೇಸುಸಭೆಯ ಪಾದ್ರಿಗಳು ಫತೇಪುರ ಸಿಕ್ರಿಗೆ ಹೋಗಿ, ಆಂಟ್ವರ್ಪಿನಲ್ಲಿ ಅಚ್ಚಾದ ಬಹುಭಾಷಾ ಬೈಬಲನ್ನು ಅಕ್ಬರನಿಗೆ ಒಪ್ಪಿಸಿದರು. ಅದರೊಡನೆ ಬಂದ ಮುದ್ರಿತ ಚಿತ್ರಗಳನ್ನು ಆಸ್ಥಾನದ ಚಿತ್ರಕಾರರು ನಕಲು ಮಾಡಿದರು. ಮಾಡುತ್ತ ಮಾಡುತ್ತ ತಮ್ಮದಾಗಿಸಿಕೊಂಡರು. ಕನ್ನಡ ನಾಡಿನ ಪ್ರಾಟೆಸ್ಟಂಟ್ ಮಿಷನರಿಗಳ ದಾರಿ ಬೇರೆ. ಅವರ ದೇವಾಲಯಗಳ ಗೋಡೆ ಬಹುಮಟ್ಟಿಗೆ ಬರಿದು. ಇದ್ದರೆ ಸತ್ಯವೇದದ ಒಂದು ವಾಕ್ಯ. ಆದರೆ ಚಿತ್ರದಲ್ಲಿ ಮಾಡದ ಕೆಲಸವನ್ನು ಅವರು ಪದ್ಯದಲ್ಲಿ ಮಾಡಿದರು. ನಿಘಂಟುಕಾರ ಕಿಟ್ಟೆಲರು ೧೮೬೨ರಲ್ಲಿ ಪ್ರಕಟಿಸಿದ ‘ಕಥಾಮಾಲೆ’ಯು ಕ್ರಿಸ್ತಚರಿತೆಯನ್ನು ದೇಶೀಯ ಛಂದಸ್ಸಿನಲ್ಲಿ ಹೇಳುವ ಪ್ರಯತ್ನ. ಮೂಲದ ಕಥೆ ಒಂದೇ ಇರಲು, ಅದು ಯಾವ ಲಯದಲ್ಲಿ ಬರಬೇಕೆಂಬ ಪ್ರಶ್ನೆ ಕನ್ನಡಕ್ಕೆ ಅಂದೇ ಬಂದಿತ್ತು.

ಈಗ ಮಂಗಳೂರಿಗೆ ಬರೋಣ. ೧೮೮೦ರಲ್ಲಿ ಸ್ಥಾಪಿತವಾದ ಸಂತ ಅಲೋಶಿಯಸ್ ಕಾಲೇಜಿನ ಕಿರುದೇವಾಲಯವು ಆ ದಶಕದಲ್ಲಿಯೇ ಕಟ್ಟಲ್ಪಟ್ಟಿತು. ಅದರ ಗೋಡೆ ಮಾಳಿಗೆಗಳನ್ನು ಚಿತ್ರಗಳಿಂದ ತುಂಬಿದವರು ಇಟಲಿಯ ಅಂತೋನಿಯೊ ಮೊಸ್ಕೆನಿ. ಬೆರ್ಗಾಮೊ ನಗರದ ಬಳಿಯ ಸ್ತೆಜಾನೊದಲ್ಲಿ ೧೮೫೪ರಲ್ಲಿ ಜನಿಸಿ, ಬೆರ್ಗಾಮೊದ ಕರ‍್ರಾರಾ ಕಲಾಶಾಲೆಯಲ್ಲಿ ಶಿಕ್ಷಣ ಪಡೆದು, ೧೮೮೯ರಲ್ಲಿ ಯೇಸುಸಭೆಯನ್ನು ಸೇರಿದ ಇವರು, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮಂಗಳೂರಿಗೆ ಬಂದರು. ಎರಡು ವರ್ಷಗಳಿಗಿಂತ ತುಸು ಹೆಚ್ಚಿನ ಅವಧಿಯಲ್ಲಿ ಈ ಕೆಲಸ ಮುಗಿಯಿತೆಂಬುದನ್ನು ಒಳಗೆ ನಿಂತು ಕತ್ತೆತ್ತಿ ನೋಡಿದವರು ಸುಲಭವಾಗಿ ನಂಬಲಾರರು.

ಅಲ್ಲಿ ಭಿತ್ತಿಚಿತ್ರಗಳೂ ಇವೆ, ಬಟ್ಟೆಯ ಮೇಲೆ ತೈಲವರ್ಣದಲ್ಲಿ ಬರೆದವೂ ಇವೆ. ಎರಡರ ವಿಧಾನ ಭಿನ್ನ. ಭಿತ್ತಿಚಿತ್ರಕ್ಕೆ ಸುಣ್ಣದ ಗಾರೆಯನ್ನು ಗೋಡೆಗೆ ಬಳಿದು, ಅದು ಹಸಿಯಾಗಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣವನ್ನು ಹಚ್ಚಬೇಕು. ಗಾರೆ ಒಣಗುತ್ತ ಗಾಳಿಯಲ್ಲಿನ ಇಂಗಾಲಾಮ್ಲವನ್ನು ಹೀರಿ ಮತ್ತೆ ಸುಣ್ಣಕಲ್ಲಾಗಿ ಗಟ್ಟಿಯಾಗುವಾಗ, ಬಣ್ಣದ ಕಣಗಳು ಆ ಪದರದೊಳಗೆ ಸಿಕ್ಕಿಕೊಳ್ಳುತ್ತವೆ. ಆದುದರಿಂದ ಒಂದು ದಿನದಲ್ಲಿ ಬರೆಯಬಹುದಾದಷ್ಟು ಭಾಗಕ್ಕೆ ಮಾತ್ರ ಗಾರೆ ಹಾಕುವುದು ಪದ್ಧತಿ. ತಪ್ಪಿದರೆ ತಿದ್ದುವಂತಿಲ್ಲ, ಕೆತ್ತಿ ತೆಗೆದು ಹೊಸದಾಗಿ ಗಾರೆ ಹಾಕಬೇಕು. ವರ್ಷಕ್ಕೆ ಮೂರು ಮೀಟರಿಗೂ ಮಿಕ್ಕಿ ಮಳೆ ಬೀಳುವ ಊರಿನಲ್ಲಿ ಗೋಡೆ ಎಂದೂ ಪೂರ್ತಿ ಒಣಗದು. ತೇವವು ಸುಣ್ಣದೊಳಗಿನ ಲವಣಗಳನ್ನು ಹೊರಕ್ಕೆ ತರುತ್ತದೆ, ಬಣ್ಣದ ಪದರ ಏಳುತ್ತದೆ. ೧೯೯೦ರ ದಶಕದ ಮೊದಲಲ್ಲಿ ಲಖನೌದ ಸಂರಕ್ಷಣಾ ತಜ್ಞರನ್ನು ಕರೆಸಿ ಈ ಚಿತ್ರಗಳನ್ನು ದುರಸ್ತಿಗೊಳಿಸಬೇಕಾಯಿತು.

ಮಾಳಿಗೆಯ ನಡುಸಾಲಿನಲ್ಲಿರುವುದು ಸಂತ ಅಲೋಶಿಯಸ್ ಗೊನ್ಜಾಗನ (೧೫೬೮–೧೫೯೧) ಜೀವನ. ಅರಮನೆಯ ಬದುಕು, ಮೊದಲ ಪರಮಪ್ರಸಾದ, ಸನ್ಯಾಸ, ಕೊನೆಗೆ ರೋಮಿನಲ್ಲಿ ಪ್ಲೇಗು ತಗುಲಿದವರ ಶುಶ್ರೂಷೆ. ಇಳಿಜಾರಿನಲ್ಲಿ ಪ್ರೇಷಿತರು ತಮ್ಮ ತಮ್ಮ ಲಾಂಛನಗಳನ್ನು ಹಿಡಿದು ನಿಂತಿದ್ದಾರೆ. ಹಿಂದಿನ ಗೋಡೆಯಲ್ಲಿ ಮಕ್ಕಳನ್ನು ಬಳಿಗೆ ಕರೆಯುವ ಯೇಸುವಿದ್ದಾನೆ. ಕಾಲೇಜೊಂದರ ದೇವಾಲಯಕ್ಕೆ ಇದು ಒಪ್ಪುವ ಆಯ್ಕೆ. ಮುಖಗಳು, ಮಡಿಕೆಬಿದ್ದ ವಸ್ತ್ರಗಳು, ಕಂಬಗಳ ಸಾಲು ಎಲ್ಲವೂ ಇಟಲಿಯವು. ಇಲ್ಲದ ಕಂಬವನ್ನು ಇರುವಂತೆ ತೋರಿಸುವ ದೃಷ್ಟಿಕ್ರಮವೂ ಅಲ್ಲಿಯದೇ. ಇದನ್ನು ಪರಕೀಯವೆಂದು ತಳ್ಳಿಹಾಕುವ ರೂಢಿ ನಮ್ಮ ಕಲಾವಿಮರ್ಶೆಯಲ್ಲಿ ಉಂಟು. ನಾವು ಅಷ್ಟು ಅವಸರಪಡಲಾರೆವು. ಮೊಸ್ಕೆನಿಯವರು ಈ ಕೆಲಸ ಮಾಡುತ್ತಿದ್ದ ಕಾಲವನ್ನು ನೆನೆಯಬೇಕು. ೧೮೯೬ರಲ್ಲಿ ಮುಂಬಯಿಗೆ ಬಂದ ಪ್ಲೇಗು ೧೮೯೮ರಲ್ಲಿ ಬೆಂಗಳೂರನ್ನು ಹೊಕ್ಕು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತ್ತು. ರೋಗಿಯನ್ನು ಮುಟ್ಟಲು ಬಂಧುಗಳೇ ಹಿಂಜರಿಯುತ್ತಿದ್ದ ಆ ದಿನಗಳಲ್ಲಿ, ಪ್ಲೇಗಿನ ರೋಗಿಗಳ ಸೇವೆಯಲ್ಲಿ ತಾನೇ ಪ್ರಾಣ ತೆತ್ತ ಇಪ್ಪತ್ತಮೂರರ ತರುಣನ ಕಥೆಯನ್ನು ವಿದ್ಯಾರ್ಥಿಗಳು ತಲೆಯ ಮೇಲೆ ಕಾಣುತ್ತಿದ್ದರು. ಚಿತ್ರದ ಭಾಷೆ ದೂರದ್ದು. ಅದು ಮುಟ್ಟಿದ ಭಯ ಹತ್ತಿರದ್ದು. ಮಂಗಳೂರಿನ ಬಳಿಕ ಮೊಸ್ಕೆನಿಯವರು ಕೊಚ್ಚಿಯ ಸಾಂತಾಕ್ರೂಸ್ ಪ್ರಧಾನಾಲಯದಲ್ಲಿ ಕೆಲಸ ಮಾಡಿ, ಅದರ ಪ್ರತಿಷ್ಠೆಗೆ ಕೆಲವೇ ದಿನ ಮೊದಲು, ೧೯೦೫ರ ನವೆಂಬರಿನಲ್ಲಿ ಅಲ್ಲಿಯೇ ತೀರಿಕೊಂಡರು.

ಇಷ್ಟಾದರೂ ಒಂದು ಕೊರತೆ ಉಳಿಯುತ್ತದೆ. ಮಂಗಳೂರಿನ ಭಕ್ತನು ಆ ಚಿತ್ರಗಳಲ್ಲಿ ತನ್ನ ಭಯವನ್ನು ಕಂಡಿರಬಹುದು, ತನ್ನ ಮುಖವನ್ನು ಕಾಣಲಾರ. ಈ ಕೊರತೆಯನ್ನು ತೀವ್ರವಾಗಿ ಅನುಭವಿಸಿದವರಲ್ಲಿ ಗೋವೆಯ ಆಂಜೆಲೊ ದ ಫೊನ್ಸೆಕ (೧೯೦೨–೧೯೬೭) ಮುಖ್ಯರು. ಅವನೀಂದ್ರನಾಥ ಠಾಕೂರರ ಪಂಥದಲ್ಲಿ ಕಲಿತ ಅವರು ಮರಿಯಮಾತೆಗೆ ಸೀರೆ ಉಡಿಸಿದರು. ಸ್ವಂತ ಊರಿನಲ್ಲಿ ಆಕ್ಷೇಪಕ್ಕೆ ಗುರಿಯಾಗಿ, ಪುಣೆಯ ಕ್ರಿಸ್ತ ಪ್ರೇಮ ಸೇವಾ ಆಶ್ರಮದಲ್ಲಿ ಆಶ್ರಯ ಪಡೆದರು. ಅವರ ಜೀವಿತದ ಕೊನೆಯ ವರ್ಷಗಳಲ್ಲಿ ಸಂದರ್ಭವೇ ಬದಲಾಯಿತು. ಎರಡನೆಯ ವ್ಯಾಟಿಕನ್ ಮಹಾಸಭೆಯು (೧೯೬೨–೬೫) ತನ್ನ ೧೯೬೩ರ ಆರಾಧನಾ ಶಾಸನದಲ್ಲಿ ದೇಶಭಾಷೆಗಳ ಬಳಕೆಗೆ ದಾರಿ ತೆರೆದುದಲ್ಲದೆ, ಯಾವ ಒಂದು ಕಲಾಶೈಲಿಯನ್ನೂ ಧರ್ಮಸಭೆಯು ತನ್ನದೇ ಎಂದು ಸ್ವೀಕರಿಸಿಲ್ಲವೆಂದು ಸಾರಿತು. ಬಲಿಪೂಜೆ ಲ್ಯಾಟಿನಿನಿಂದ ಕನ್ನಡಕ್ಕೆ ಬಂದ ಮೇಲೆ ಗೋಡೆಯ ಚಿತ್ರ ಮಾತ್ರ ಇಟಲಿಯಲ್ಲಿಯೇ ನಿಲ್ಲಬೇಕೇಕೆ ಎಂಬ ಪ್ರಶ್ನೆ ಸಹಜವಾಗಿ ಎದ್ದಿತು.

ಇದಕ್ಕೆ ಉತ್ತರ ಕೊಡಲು ಹೊರಟ ಸಂಸ್ಥೆಗಳಲ್ಲಿ ಪ್ರಮುಖವಾದುದು ೧೯೬೭ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಹಾಗೂ ಆರಾಧನಾ ಕೇಂದ್ರ. ಅದರ ಸ್ಥಾಪಕರಾದ ಡಿ. ಎಸ್. ಅಮಲೋರ್ಪವದಾಸರು (೧೯೩೨–೧೯೯೦) ಮುಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತಧರ್ಮದ ಅಧ್ಯಯನ ವಿಭಾಗವನ್ನು ಕಟ್ಟಿದವರು. ಕೇಂದ್ರದ ಪ್ರಾರ್ಥನಾಲಯವನ್ನು ದೇಶೀಯ ದೇವಾಲಯದ ರೀತಿಯಲ್ಲಿ ರೂಪಿಸಲಾಯಿತು. ಅದರ ಕಿಟಕಿಗಳ ಜಾಲರಿಗಳ ವಿನ್ಯಾಸದಲ್ಲಿ ಜ್ಯೋತಿ ಸಾಹಿಯವರ ಕೈ ಇದೆ. ೧೯೪೪ರಲ್ಲಿ ಪುಣೆಯಲ್ಲಿ ಹುಟ್ಟಿದ ಸಾಹಿಯವರು ಲಂಡನ್ನಿನ ಕ್ಯಾಂಬರ್‌ವೆಲ್ ಕಲಾಶಾಲೆಯಲ್ಲಿ ಓದಿ ಹಿಂದಿರುಗಿದವರು. ಕೇರಳದ ಕುರಿಸುಮಲ ಆಶ್ರಮದಲ್ಲಿ ಬೀಡ್ ಗ್ರಿಫಿತ್ಸರ ಒಡನಾಟವೂ, ವಾಸ್ತುಶಿಲ್ಪಿ ಲಾರಿ ಬೇಕರರೊಡನೆ ಕೆಲಸ ಮಾಡಿದ ಅನುಭವವೂ ಅವರಿಗಿತ್ತು.

ಆ ಜಾಲರಿಗಳ ನಡುವೆ ನಟರಾಜನನ್ನು ನೆನಪಿಗೆ ತರುವ ನರ್ತನದ ಆಕೃತಿಯೊಂದಿತ್ತು. ಅದೇ ವಿವಾದಕ್ಕೆ ಕಾರಣವಾಯಿತು. ಮದರಾಸಿನ ವಿಕ್ಟರ್ ಕುಲಂದೈಯವರು ೧೯೮೫ರಲ್ಲಿ ಪ್ರಕಟಿಸಿದ ಗ್ರಂಥವು ಇಂಥ ಪ್ರಯೋಗಗಳನ್ನೆಲ್ಲ ಧರ್ಮಸಭೆಯ ಭ್ರಷ್ಟತೆಯೆಂದು ಖಂಡಿಸಿತು. ಮತ್ತೊಂದು ಧರ್ಮದ ಪೂಜ್ಯ ರೂಪವನ್ನು ಎರವಲು ತರುವುದು ಅದಕ್ಕೂ ನ್ಯಾಯವಲ್ಲ, ನಮಗೂ ಹಿತವಲ್ಲ ಎಂಬ ಆಕ್ಷೇಪದಲ್ಲಿ ಹುರುಳಿಲ್ಲವೆನ್ನುವಂತಿಲ್ಲ. ಆದರೆ ನಮ್ಮ ಅಭಿಪ್ರಾಯದಲ್ಲಿ ಹೆಚ್ಚು ಆಳವಾದ ಆಕ್ಷೇಪ ಬಂದದ್ದು ಬೇರೆ ದಿಕ್ಕಿನಿಂದ. ೧೯೮೦ರ ದಶಕದ ಮೊದಲಲ್ಲಿ, ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ ಅರವಿಂದ ಪಿ. ನಿರ್ಮಲ್ ಅವರು ಆರಂಭಿಸಿದ ಚಿಂತನೆ ಮುಂದೆ ದಲಿತ ದೇವತಾಶಾಸ್ತ್ರವೆಂದು ಹೆಸರಾಯಿತು. ಅದು ಕೇಳಿದ್ದು ನೇರವಾದ ಪ್ರಶ್ನೆ: ದೇಶೀಯವೆಂದು ನೀವು ಕರೆಯುವುದು ಯಾರ ದೇಶೀಯತೆ? ಭಾರತದ ಕ್ರೈಸ್ತರಲ್ಲಿ ಬಹುಸಂಖ್ಯಾತರು ದಲಿತ ಸಮುದಾಯಗಳಿಂದ ಬಂದವರು. ಅವರ ಹಿರಿಯರಿಗೆ ದೇವಾಲಯದ ಬಾಗಿಲು ಮುಚ್ಚಿತ್ತು. ಆ ದೇವಾಲಯದ ಶಿಖರವನ್ನೂ ಕಲಶವನ್ನೂ ತಂದು ಅವರ ಪ್ರಾರ್ಥನಾಲಯದ ಮೇಲಿಟ್ಟು, ಇದು ನಿಮ್ಮ ಸ್ವಂತ ಭಾಷೆಯೆಂದು ಹೇಳಿದರೆ, ಅವರಿಗೆ ಅದು ಇಟಲಿಯ ಕಂಬಕ್ಕಿಂತ ಹೆಚ್ಚು ಹತ್ತಿರವಾದೀತೇ?

ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಸಾಹಿಯವರ ‘ದಲಿತ ಮಡೊನ್ನಾ’ ಚಿತ್ರವನ್ನು ನೋಡಬೇಕು. ಅದು ಇಂದು ಬ್ರಿಟನ್ನಿನ ಮೆಥಡಿಸ್ಟ್ ಸಭೆಯ ಆಧುನಿಕ ಕಲಾಸಂಗ್ರಹದಲ್ಲಿದೆ. ತಾಯಿ ಮಗುವನ್ನು ಮೈಯಲ್ಲಿ ಸುತ್ತುವರಿದಿದ್ದಾಳೆ. ಇಬ್ಬರ ಆಕಾರವೂ ಅಡಿಗೆಮನೆಯ ಒರಳುಕಲ್ಲಿನಿಂದ ಬಂದದ್ದು. ಕುಳಿಯಿರುವ ದೊಡ್ಡ ಕಲ್ಲು ತಾಯಿ, ಅದರೊಳಗೆ ಕೂರುವ ಗುಂಡುಕಲ್ಲು ಮಗು. ಇಲ್ಲಿ ದೇವಾಲಯದಿಂದ ತಂದದ್ದು ಏನೂ ಇಲ್ಲ. ದಿನವೂ ಬೆಳಗ್ಗೆ ಹೆಂಗಸರ ಕೈ ಸವೆಸಿದ ಕಲ್ಲು ಮಾತ್ರ ಇದೆ. ಕನ್ನಡ ನಾಡಿನ ವಾಚಕರಿಗೆ ಇದಕ್ಕೆ ಮತ್ತೂ ಒಂದು ಅರ್ಥ ಹೊಳೆಯದಿರದು: ನಮ್ಮ ಎಷ್ಟೋ ಮನೆಗಳಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಮೊದಲು ಗುಂಡುಕಲ್ಲಿಗೆ ಬಟ್ಟೆ ಸುತ್ತಿ ತೊಟ್ಟಿಲಲ್ಲಿ ಮಲಗಿಸುವ ಶಾಸ್ತ್ರವುಂಟು. ಚಿತ್ರಕಾರರು ಅದನ್ನು ನೆನೆದರೋ ಇಲ್ಲವೋ, ಚಿತ್ರ ಅದನ್ನು ನೆನೆಸುತ್ತದೆ.

ಇದನ್ನು ಟೀಕೆಯೆಂದು ಓದಿದರೆ ಯಾವ ಮೂಲಕ್ಕೆ ಟೀಕೆ? ಲೂಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ, ಗರ್ಭಿಣಿಯಾದ ಮರಿಯಳು ಹಾಡುವ ಸ್ತುತಿಗೆ ಎಂದು ನಮಗೆ ತೋರುತ್ತದೆ. ಬಲಿಷ್ಠರು ಆಸನದಿಂದ ಇಳಿಯುವ, ದೀನರು ಮೇಲೇರುವ, ಹಸಿದವರು ತೃಪ್ತರಾಗುವ ಮಾತು ಅಲ್ಲಿ ಬರುತ್ತದೆ. ಶತಮಾನಗಳ ಕಾಲ ಯೂರೋಪಿನ ಚಿತ್ರಕಾರರು ಇದೇ ಮರಿಯಳನ್ನು ಸಿಂಹಾಸನದ ಮೇಲೆ ಕೂರಿಸಿ, ರತ್ನಖಚಿತ ಕಿರೀಟ ತೊಡಿಸಿದರು. ಅದೂ ಒಂದು ವ್ಯಾಖ್ಯಾನವೇ. ಏರಿದ ಮೇಲಿನ ಸ್ಥಿತಿಯನ್ನು ಹೇಳುವ ವ್ಯಾಖ್ಯಾನ. ಒರಳುಕಲ್ಲಿನ ಮರಿಯಳು ಇನ್ನೂ ಏರಿಲ್ಲ. ಹಸಿದವರ ಊಟದ ಮಾತನ್ನು ಊಟ ಸಿದ್ಧವಾಗುವ ಜಾಗದಲ್ಲಿಯೇ ಇಟ್ಟು ಹೇಳಿದ್ದರಿಂದ, ಗ್ರಂಥದ ವಾಕ್ಯ ಇಲ್ಲಿ ಹೆಚ್ಚು ಕಟುವಾಗಿ ಕೇಳಿಸುತ್ತದೆ. ಮನೆ ಕಟ್ಟುವವರು ಬೇಡವೆಂದು ಬಿಸುಟ ಕಲ್ಲಿನ ಬಗೆಗಿನ ಕೀರ್ತನೆಯ ಮಾತನ್ನೂ ಯೇಸು ತನಗೆ ಅನ್ವಯಿಸಿಕೊಂಡನೆಂಬುದನ್ನು ಬಲ್ಲವರಿಗೆ, ಮಗುವು ಕಲ್ಲಿನ ಆಕಾರದಲ್ಲಿರುವುದು ಬರಿಯ ಸಾದೃಶ್ಯವಾಗಿ ಕಾಣದು.

ಸಾಹಿಯವರ ಎಲ್ಲ ಚಿತ್ರಗಳೂ ಈ ಮಟ್ಟವನ್ನು ಮುಟ್ಟಿವೆಯೆಂದು ನಾವು ಹೇಳೆವು. ಸರ್ಪ, ವೃಕ್ಷ, ಮಂಡಲಗಳು ಒಂದೇ ಚೌಕಟ್ಟಿನಲ್ಲಿ ಕಿಕ್ಕಿರಿದಾಗ ಸುವಾರ್ತೆಯ ಘಟನೆ ಮರೆಯಾಗಿ ಸಂಕೇತಗಳ ಕೋಶವೊಂದನ್ನು ಓದಿದಂತಾಗುವುದುಂಟು. ೧೯೮೦ರಲ್ಲಿ ಭಾರತದ ಜನಪ್ರಿಯ ಸಂಕೇತಗಳ ಮೇಲೆ ಅವರು ಬರೆದ ‘ದಿ ಚೈಲ್ಡ್ ಅಂಡ್ ದಿ ಸರ್ಪೆಂಟ್’ ಎಂಬ ಪುಸ್ತಕದ ಪರಿಚಯವಿಲ್ಲದವರು ಅಂಥ ಚಿತ್ರಗಳ ಮುಂದೆ ತೊಡಕಿಗೆ ಸಿಲುಕುತ್ತಾರೆ. ಒರಳುಕಲ್ಲಿಗಾದರೋ ಬಹುಕಾಲ ಅಂಥ ಸಹಾಯ ಬೇಕಿರಲಿಲ್ಲ. ಆದರೆ ಈಗ ಬೆಂಗಳೂರಿನ ಮನೆಗಳಲ್ಲಿ ವಿದ್ಯುತ್ತಿನ ಯಂತ್ರ ಬಂದು ಒರಳುಕಲ್ಲು ಹಿತ್ತಿಲು ಸೇರಿದೆ, ಹಿತ್ತಿಲೇ ಇಲ್ಲದ ಕಡೆ ಅದೂ ಇಲ್ಲ. ತರಗತಿಯಲ್ಲಿ ಈ ಚಿತ್ರವನ್ನು ತೋರಿಸುವ ಅಧ್ಯಾಪಕರು ಮರಿಯಳು ಯಾರೆಂದು ಹೇಳುವ ಮೊದಲು ಗುಂಡುಕಲ್ಲು ಎಂದರೇನೆಂದು ಹೇಳಬೇಕಾಗಿ ಬರಬಹುದು.