ಕಾಯಕಕ್ಕೆ ಮರಳುವ ತಾಯಿಗೆ ಎದೆಹಾಲಿನ ಪಂಪ್: ಆಯ್ಕೆ ಹೇಗೆ?

ನನ್ನ ಚಿಕಿತ್ಸಾಲಯಕ್ಕೆ ಬರುವ ಬಾಣಂತಿಯರು ಹಿಂದೆ ಕೇಳುತ್ತಿದ್ದ ಮುಖ್ಯ ಪ್ರಶ್ನೆ ಒಂದೇ: ‘ಹಾಲು ಸಾಲುತ್ತಿಲ್ಲ, ಏನು ಮಾಡಲಿ?’ ಇತ್ತೀಚಿನ ವರ್ಷಗಳಲ್ಲಿ ಅದರ ಜೊತೆಗೆ ಇನ್ನೊಂದು ಸೇರಿಕೊಂಡಿದೆ. ‘ಬರುವ ತಿಂಗಳು ಕೆಲಸಕ್ಕೆ ಹಾಜರಾಗಬೇಕು, ಯಾವ ಪಂಪು ಕೊಳ್ಳಲಿ?’ ಕೇಳುವವರಲ್ಲಿ ಶಾಲಾ ಶಿಕ್ಷಕಿಯರಿದ್ದಾರೆ, ಬ್ಯಾಂಕಿನವರಿದ್ದಾರೆ, ಸಿದ್ಧ ಉಡುಪು ಕಾರ್ಖಾನೆಯಲ್ಲಿ ಹೊಲಿಗೆಯ ಕೆಲಸ ಮಾಡುವ ಹೆಣ್ಣುಮಕ್ಕಳೂ ಇದ್ದಾರೆ. ಇವರಿಗೆಲ್ಲ ಒಂದೇ ಉತ್ತರ ಕೊಡಲು ಸಾಧ್ಯವಿಲ್ಲ. ಪಂಪಿನ ಆಯ್ಕೆ ಅದರ ಬೆಲೆಯನ್ನೋ ಜಾಹೀರಾತನ್ನೋ ಅವಲಂಬಿಸಿದ್ದಲ್ಲ. ಆ ತಾಯಿಯ ದಿನಚರಿಯನ್ನು ಅವಲಂಬಿಸಿದ್ದು. ಎಷ್ಟು ಗಂಟೆ ಮಗುವಿನಿಂದ ದೂರವಿರುತ್ತಾಳೆ, ಕೆಲಸದ ಸ್ಥಳದಲ್ಲಿ ಬಾಗಿಲು ಹಾಕಿಕೊಳ್ಳುವ ಕೋಣೆ ಇದೆಯೇ, ಕರೆಂಟು ಇರುತ್ತದೆಯೇ, ಪಾತ್ರೆ ತೊಳೆಯಲು ನೀರು ಎಲ್ಲಿದೆ ಎಂಬುದನ್ನು ಮೊದಲು ವಿಚಾರಿಸಿ, ಆಮೇಲೆ ಅಂಗಡಿಗೆ ಹೋಗಬೇಕು.

ಮಗುವಿಗೆ ಮೊದಲ 6 ತಿಂಗಳು ಎದೆಹಾಲೊಂದೇ ಸಾಕು. ಅನಂತರ ಇತರ ಆಹಾರದೊಡನೆ 2 ವರ್ಷದವರೆಗೆ, ಅದಕ್ಕೂ ಮುಂದೆ ಹಾಲೂಡಬಹುದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯು ಮೊದಲ ಎರಡು ಮಕ್ಕಳಿಗೆ 26 ವಾರಗಳ ಸವೇತನ ರಜೆಯನ್ನು ಕೊಟ್ಟಿತು. ಮೇಲುನೋಟಕ್ಕೆ ಎರಡೂ ಹೊಂದಿಕೆಯಾಗುತ್ತವೆ. ಆದರೆ ಹೆರಿಗೆಗೆ ಮುಂಚೆಯೇ 8 ವಾರ ರಜೆ ಪಡೆದವಳಿಗೆ ಮಗು ಹುಟ್ಟಿದ ಮೇಲೆ ಉಳಿಯುವುದು 18 ವಾರ ಮಾತ್ರ, ಅಂದರೆ ನಾಲ್ಕು ತಿಂಗಳು ಚಿಲ್ಲರೆ. ಮೂರನೆಯ ಮಗುವಾದರೆ ಒಟ್ಟು ರಜೆಯೇ 12 ವಾರ. ದಿನಗೂಲಿಯವಳಿಗೆ, ಸ್ವಂತ ಅಂಗಡಿ ನಡೆಸುವವಳಿಗೆ ಯಾವ ರಜೆಯ ಲೆಕ್ಕವೂ ಇಲ್ಲ. ಈ ನಡುವಿನ ಕಂದರದಲ್ಲಿಯೇ ಡಬ್ಬದ ಹಾಲಿನ ಪುಡಿ ಮನೆಯೊಳಗೆ ಕಾಲಿಡುತ್ತದೆ. ಹಾಗೆ ಬಂದದ್ದು ಹಗಲಿಗೆ ಮಾತ್ರ ಎಂದು ಬರುತ್ತದೆ. ತಿಂಗಳೊಪ್ಪತ್ತಿನಲ್ಲಿ ರಾತ್ರಿಗೂ ಅದೇ ಆಗುತ್ತದೆ. ಹಾಲು ತೆಗೆಯದ ಎದೆಯಲ್ಲಿ ಹಾಲಿನ ಉತ್ಪತ್ತಿ ತಾನಾಗಿ ಕುಗ್ಗುವುದೇ ಇದಕ್ಕೆ ಕಾರಣ.

ಆಯುರ್ವೇದದಲ್ಲಿ ಪಂಪಿನ ವಿಷಯವಿಲ್ಲ, ಆದರೆ ಪಂಪು ಹೇಗೆ ಕೆಲಸ ಮಾಡುತ್ತದೆ, ಯಾವಾಗ ಮಾಡುವುದಿಲ್ಲ ಎಂಬುದಕ್ಕೆ ಬೇಕಾದ ತಿಳಿವು ಸುಶ್ರುತ ಸಂಹಿತೆಯಲ್ಲಿದೆ. ಮಗುವಿನ ಸ್ಪರ್ಶದಿಂದ, ದರ್ಶನದಿಂದ, ಬರಿಯ ಸ್ಮರಣೆಯಿಂದಲೂ ಸ್ತನ್ಯವು ಹರಿಯುತ್ತದೆ, ಅದಕ್ಕೆ ವಾತ್ಸಲ್ಯವೇ ಹೇತು ಎಂದು ನಿದಾನಸ್ಥಾನದಲ್ಲಿ ಸುಶ್ರುತರು ಹೇಳುತ್ತಾರೆ. ಕರುವನ್ನು ಕಂಡ ಆಕಳು ತೊರೆ ಬಿಡುವುದನ್ನು ನೋಡಿದ ಯಾರಿಗೂ ಇದು ಹೊಸದೇನಲ್ಲ. ಇಂದಿನ ಶರೀರಕ್ರಿಯಾಶಾಸ್ತ್ರವು ಇದನ್ನೇ ಆಕ್ಸಿಟೋಸಿನ್ ಎಂಬ ಹಾರ್ಮೋನಿನ ಕಾರ್ಯವೆಂದು ವಿವರಿಸುತ್ತದೆ. ಕೋಪ, ಶೋಕ, ಉಪವಾಸ, ಅತಿಯಾದ ಆಯಾಸಗಳಿಂದ ಸ್ತನ್ಯ ಕ್ಷೀಣಿಸುತ್ತದೆ ಎಂಬ ಮಾತೂ ನಮ್ಮ ಗ್ರಂಥಗಳಲ್ಲಿದೆ. ಆದ್ದರಿಂದ ಎಷ್ಟೇ ಬೆಲೆಬಾಳುವ ಯಂತ್ರವಾದರೂ, ಯಾರಾದರೂ ಬಾಗಿಲು ತಟ್ಟಿಯಾರು ಎಂಬ ಅಂಜಿಕೆಯಲ್ಲಿ ಕುಳಿತ ತಾಯಿಯಿಂದ ಹೆಚ್ಚು ಹಾಲನ್ನು ತೆಗೆಯಲಾರದು. ಮಗುವಿನ ಭಾವಚಿತ್ರವನ್ನೋ ಅದು ಹೊದ್ದ ಬಟ್ಟೆಯನ್ನೋ ಚೀಲದಲ್ಲಿ ಒಯ್ಯಿರಿ ಎಂದು ನಾನು ಹೇಳಿದಾಗ ನಗುವವರುಂಟು. ಒಯ್ದವರು ಮರಳಿ ಬಂದು ನಗುವುದಿಲ್ಲ.

ಎಲ್ಲಕ್ಕೂ ಮೊದಲ ಪಂಪು ಕೈ. ಹಾಲು ಕೈಯಿಂದ ತೆಗೆಯುವುದನ್ನು ಪ್ರತಿಯೊಬ್ಬ ತಾಯಿಯೂ ಕಲಿತಿರಬೇಕು. ಕರೆಂಟು ಹೋದ ದಿನ, ಯಂತ್ರ ಕೆಟ್ಟ ದಿನ ಅದೇ ಆಸರೆ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಎದೆಯ ಮೇಲೆ ಎರಡು ಮೂರು ನಿಮಿಷ ಇಟ್ಟು, ಹೊರಗಿನಿಂದ ತೊಟ್ಟಿನ ಕಡೆಗೆ ಮೃದುವಾಗಿ ನೀವಿರಿ. ಹೆಬ್ಬೆರಳನ್ನು ತೊಟ್ಟಿನ ಸುತ್ತಲಿನ ಕಪ್ಪು ಭಾಗದ ಮೇಲಂಚಿನಲ್ಲಿ, ತೋರುಬೆರಳನ್ನು ಕೆಳಂಚಿನಲ್ಲಿ ಇರಿಸಿ, ಮೊದಲು ಎದೆಗೂಡಿನತ್ತ ಒತ್ತಿ ಆಮೇಲೆ ಬೆರಳುಗಳನ್ನು ಕೂಡಿಸಿ ಬಿಡಿರಿ. ತೊಟ್ಟನ್ನೇ ಹಿಡಿದು ಜಗ್ಗಬಾರದು. ಸ್ತನದಲ್ಲಿ ಬಾವಾದರೆ ಅದು ಹಸಿಯಾಗಿರಲಿ, ಉರಿಯುತ್ತಿರಲಿ, ಕೀವಾಗಿರಲಿ, ಎಲ್ಲ ಅವಸ್ಥೆಯಲ್ಲೂ ಹಾಲನ್ನು ಹಿಂಡಿ ತೆಗೆಯುತ್ತಿರಬೇಕೆಂದು ಸುಶ್ರುತರ ಚಿಕಿತ್ಸಾಸ್ಥಾನದ ಆದೇಶ. ಹಾಲು ಕಟ್ಟಿಕೊಂಡು ಎದೆ ಕೆಂಪಾಗಿ ಜ್ವರ ಬಂದಾಗ ಹಾಲೂಡುವುದನ್ನೇ ನಿಲ್ಲಿಸಿಬಿಡುವ ನಮ್ಮ ರೂಢಿ ಇದಕ್ಕೆ ತದ್ವಿರುದ್ಧವಾದುದು. ಅಂಥ ಜ್ವರ ಬಂದರೆ ಅದೇ ದಿನ ವೈದ್ಯರನ್ನು ಕಾಣಬೇಕು, ಹಾಲು ತೆಗೆಯುವುದನ್ನು ಬಿಡಬಾರದು.

ಇನ್ನು ಯಂತ್ರಗಳ ವಿಚಾರ. 1920ರ ದಶಕದಲ್ಲಿ ಅಮೆರಿಕದಲ್ಲಿ ವಿದ್ಯುತ್ ಪಂಪಿಗೆ ಪೇಟೆಂಟ್ ಪಡೆದವರು ಎಡ್ವರ್ಡ್ ಲಾಸ್ಕರ್ ಎಂಬ ಎಂಜಿನಿಯರ್. ಜಗತ್ತು ಅವರನ್ನು ಹೆಚ್ಚಾಗಿ ಬಲ್ಲದ್ದು ಚದುರಂಗದ ಆಟಗಾರರೆಂದು. ಅಂದಿನಿಂದ ಇಂದಿಗೆ ಬಗೆಗಳು ಬಹಳವಾಗಿವೆ. ಔಷಧದ ಅಂಗಡಿಗಳಲ್ಲಿ ಅತಿ ಅಗ್ಗವಾಗಿ ಸಿಗುವುದು ಸೈಕಲ್ಲಿನ ಹಾರ್ನಿನಂಥ ರಬ್ಬರಿನ ಬುರುಡೆಯುಳ್ಳದ್ದು. ಅದನ್ನು ಕೊಳ್ಳಬೇಡಿರಿ. ಹಾಲು ಬುರುಡೆಯೊಳಗೆ ಹೋಗಿ ಸೇರುತ್ತದೆ, ಒಳಗನ್ನು ತೊಳೆಯಲು ಬಾರದು, ಎಳೆತವೂ ಹಿಡಿತಕ್ಕೆ ಸಿಗದೆ ತೊಟ್ಟು ಹುಣ್ಣಾಗುತ್ತದೆ. ಹಿಡಿಕೆಯನ್ನು ಅದುಮುವ ಕೈಪಂಪು ಬೇರೆ ಜಾತಿಯದು, ಒಳ್ಳೆಯದು. ಬಿಡಿಭಾಗಗಳೆಲ್ಲ ಬಿಚ್ಚಿ ಬರುತ್ತವೆ, ಸದ್ದಿಲ್ಲ, ಕರೆಂಟು ಬೇಡ. ಅರ್ಧ ದಿನದ ಕೆಲಸಕ್ಕೆ ಹೋಗುವವಳಿಗೆ, ದಿನಕ್ಕೆ ಒಂದು ಸಲ ಮಾತ್ರ ಹಾಲು ತೆಗೆಯುವವಳಿಗೆ ಇದಕ್ಕಿಂತ ಹೆಚ್ಚಿನದು ಬೇಕಾಗಿಲ್ಲ. ದಿನಕ್ಕೆ ಮೂರು ಸಲ, ವಾರಕ್ಕೆ ಆರು ದಿನ ಎಂದಾದರೆ ಮಾತ್ರ ಮಣಿಕಟ್ಟು ನೋಯತೊಡಗುತ್ತದೆ. ಹೊಲಿಗೆ, ಬೆರಳಚ್ಚುಗಳಂಥ ಕೈಕೆಲಸದವರಿಗೆ ಇದು ಸಣ್ಣ ಮಾತಲ್ಲ.

ಬಸ್ಸಿನ ಪ್ರಯಾಣವೂ ಸೇರಿ ಒಂಬತ್ತು ಹತ್ತು ಗಂಟೆ ಹೊರಗಿರುವ ತಾಯಿಗೆ ಎರಡೂ ಎದೆಗಳಿಂದ ಏಕಕಾಲಕ್ಕೆ ತೆಗೆಯುವ ವಿದ್ಯುತ್ ಪಂಪು ಉತ್ತಮ. ಒಂದೊಂದೇ ಎದೆಗೆ ಹಿಡಿದರೆ ಅರ್ಧ ಗಂಟೆ ಬೇಕಾಗುವ ಕೆಲಸ ಇದರಲ್ಲಿ 15 ರಿಂದ 20 ನಿಮಿಷಕ್ಕೆ ಮುಗಿಯುತ್ತದೆ. ಊಟದ ಬಿಡುವಿನಲ್ಲಿ ಊಟವನ್ನೂ ಮಾಡಬೇಕಲ್ಲವೇ! ಅದು ಚಾರ್ಜ್ ಮಾಡಿಟ್ಟುಕೊಳ್ಳುವಂಥದ್ದೇ ಆಗಿರಲಿ. ಗೋಡೆಯ ಪ್ಲಗ್ಗನ್ನೇ ನಂಬಿದ ಯಂತ್ರ ಹಳ್ಳಿಯ ಶಾಲೆಯಲ್ಲಿ ನಿರುಪಯೋಗಿ. ಮೊದಲು ಚುರುಕಾಗಿ ಸಣ್ಣ ಎಳೆತ, ಹಾಲು ತೊರೆ ಬಿಟ್ಟ ಮೇಲೆ ನಿಧಾನವಾಗಿ ದೀರ್ಘ ಎಳೆತ, ಹೀಗೆ ಎರಡು ಹಂತಗಳಿರಬೇಕು, ಏಕೆಂದರೆ ಮಗು ಚೀಪುವ ಕ್ರಮವೂ ಅದೇ. ಎಳೆತವನ್ನು ಹೆಚ್ಚಿಸಿದಷ್ಟೂ ಹಾಲು ಹೆಚ್ಚುತ್ತದೆಂಬುದು ತಪ್ಪು ತಿಳಿವಳಿಕೆ. ನೋವಾಗದ ಮಟ್ಟವೇ ಸರಿಯಾದ ಮಟ್ಟ. ಉಡುಪಿನೊಳಗೇ ಇಟ್ಟುಕೊಳ್ಳುವ ನಿಸ್ತಂತು ಪಂಪುಗಳೂ ಬಂದಿವೆ. ಪ್ರತ್ಯೇಕ ಕೋಣೆಯೇ ಇಲ್ಲದವರಿಗೆ ಅವು ವರವೆನ್ನಬಹುದು. ಆದರೆ ಬೆಲೆ ಹೆಚ್ಚು, ತೊಳೆಯಬೇಕಾದ ಸಣ್ಣ ಭಾಗಗಳು ಹಲವು, ಬಾಗಿದರೆ ಹಾಲು ಚೆಲ್ಲುವುದೂ ಉಂಟು.

ಕೊಳ್ಳುವಾಗ ಬಹುತೇಕರು ಕೇಳದಿರುವ ಎರಡು ಸಂಗತಿಗಳಿವೆ. ಒಂದು, ಎದೆಗೆ ಹಿಡಿಯುವ ಬಟ್ಟಲಿನ ಅಳತೆ. ಡಬ್ಬಿಯ ಮೇಲೆ ಇದನ್ನು ಫ್ಲ್ಯಾಂಜ್ ಎಂದು ಬರೆದಿರುತ್ತಾರೆ. ಸಾಮಾನ್ಯವಾಗಿ ಜೊತೆಗೆ ಬರುವುದು 24 ಮಿಲಿಮೀಟರಿನದು. ಎಲ್ಲರಿಗೂ ಅದು ಒಪ್ಪುವುದಿಲ್ಲ. ತೊಟ್ಟು ಕೊಳವೆಯಲ್ಲಿ ಸರಾಗವಾಗಿ ಹಿಂದೆ ಮುಂದೆ ಸರಿಯಬೇಕು, ಗೋಡೆಗೆ ಉಜ್ಜಬಾರದು, ಸುತ್ತಲಿನ ಕಪ್ಪು ಭಾಗ ಬಹಳವಾಗಿ ಒಳಸೇರಬಾರದು. ತೊಟ್ಟಿನ ಅಡ್ಡಗಲವನ್ನು ಅಳತೆಪಟ್ಟಿಯಿಂದ ನೋಡಿ ಕೊಂಡರೆ ಅರ್ಧ ತೊಂದರೆ ಕಳೆಯಿತು. ‘ಪಂಪು ನನಗೆ ಆಗಿಬರಲಿಲ್ಲ’ ಎಂದು ಮೂಲೆಗೆಸೆದವರಲ್ಲಿ ಅನೇಕರಿಗೆ ಆಗಿಬರದಿದ್ದುದು ಬಟ್ಟಲಿನ ಅಳತೆ ಮಾತ್ರ. ಎರಡನೆಯದು, ಹಾಲು ನಳಿಕೆಯೊಳಗೂ ಮೋಟಾರಿನೊಳಗೂ ಹೋಗದಂತೆ ನಡುವೆ ತಡೆಪೊರೆ ಇದೆಯೇ ಎಂಬುದು. ತಡೆಯಿಲ್ಲದ ಯಂತ್ರದಲ್ಲಿ ಹಾಲಿನ ಪಸೆ ಒಳಸೇರಿ ಬೂಷ್ಟು ಬೆಳೆಯಬಹುದು. ಈ ಕಾರಣಕ್ಕಾಗಿಯೇ ಅಕ್ಕ ಬಳಸಿದ ಪಂಪನ್ನು ತಂಗಿಗೆ ಕೊಡಬಾರದು. ತೊಟ್ಟಿಲು, ಕುಲಾವಿಗಳು ತಲೆಮಾರಿನಿಂದ ತಲೆಮಾರಿಗೆ ಸಾಗಲಿ. ಒಬ್ಬರ ಬಳಕೆಗೆಂದು ಮಾಡಿದ ಪಂಪು ಆ ಸಾಲಿಗೆ ಸೇರಿದ್ದಲ್ಲ. ಕುಬಸದ ಉಡುಗೊರೆಯಾಗಿ ಪಂಪನ್ನು ಕೊಡುವವರನ್ನೂ ಈಚೆಗೆ ಕಾಣುತ್ತಿದ್ದೇನೆ. ಹೆರಿಗೆಗೆ ಮುನ್ನ ಅಳತೆಯೂ ತಿಳಿಯದು, ಅಗತ್ಯವೂ ತಿಳಿಯದು. ಕೆಲಸಕ್ಕೆ ಮರಳುವ ಮೂರು ವಾರ ಮುಂಚೆ ಕೊಂಡು ಅಭ್ಯಾಸ ಮಾಡಿಕೊಂಡರೆ ಸಾಕು.

ಮೊದಲ ದಿನ ಶೀಶೆಯ ತಳದಲ್ಲಿ ಎರಡು ಚಮಚ ಹಾಲು ಕಂಡು ಕಣ್ಣೀರಿಡುವ ತಾಯಂದಿರಿಗೆ ಒಂದು ಮಾತು. ಮಗು ಎಳೆದಷ್ಟು ಹಾಲನ್ನು ಯಂತ್ರ ಎಳೆಯದು. ಶೀಶೆಯಲ್ಲಿ ಬಿದ್ದದ್ದು ನಿಮ್ಮ ಹಾಲಿನ ಅಳತೆಯಲ್ಲ. ಒಂದರಿಂದ ಆರು ತಿಂಗಳ ಮಗು ದಿನಕ್ಕೆ ಸುಮಾರು 750 ಮಿಲಿಲೀಟರ್ ಕುಡಿಯುತ್ತದೆ. ಅಂದರೆ ನೀವು ಹೊರಗಿರುವ ಪ್ರತಿ ಗಂಟೆಗೆ 30 ಮಿಲಿಲೀಟರಿನಂತೆ ಲೆಕ್ಕ ಹಿಡಿಯಿರಿ. ಹತ್ತು ಗಂಟೆಗೆ 300. ಮೂರು ಗಂಟೆಗೊಮ್ಮೆ ತೆಗೆದರೆ ಇದು ಅಸಾಧ್ಯವಾದುದಲ್ಲ. ಬೆಳಗ್ಗೆ ಮಗು ಒಂದು ಎದೆ ಕುಡಿಯುವಾಗ ಇನ್ನೊಂದರಿಂದ ತೆಗೆದಿಟ್ಟುಕೊಂಡರೆ ಇನ್ನೂ ಸುಲಭ. ಹಾಲು ಹೆಚ್ಚಲು ಶತಾವರಿ ಕೊಡಿ ಎಂದು ಬರುವವರಿಗೆ ನಾನು ಕೊಡುವುದುಂಟು. ಸಬ್ಬಸಿಗೆ ಸೊಪ್ಪು, ಮೆಂತ್ಯ, ಅಂಟಿನುಂಡೆಗಳನ್ನೂ ಹೇಳುತ್ತೇನೆ. ಆದರೆ ಅದಕ್ಕೆ ಮುಂಚೆ, ದಿನಕ್ಕೆ ಎಷ್ಟು ಸಲ ಎದೆ ಬರಿದಾಗುತ್ತಿದೆ ಎಂದು ಕೇಳುತ್ತೇನೆ. ಬರಿದಾಗದ ಎದೆಗೆ ಯಾವ ಕಲ್ಪವೂ ಹಾಲು ತುಂಬಲಾರದು.

ಕೆಲಸದ ಸ್ಥಳದಲ್ಲಿ ಜಾಗ ಕೇಳಲು ಸಂಕೋಚಪಡಬೇಡಿರಿ. ಮಗುವಿಗೆ 15 ತಿಂಗಳಾಗುವವರೆಗೆ, ವಿಶ್ರಾಂತಿಯ ಬಿಡುವನ್ನು ಬಿಟ್ಟು, ಹಾಲೂಡಲೆಂದೇ ದಿನಕ್ಕೆ ಎರಡು ಬಿಡುವುಗಳನ್ನು 1961ರ ಕಾಯ್ದೆಯೇ ಹೇಳಿದೆ. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರವಿರಬೇಕು, ತಾಯಿ ದಿನಕ್ಕೆ 4 ಸಲ ಅಲ್ಲಿಗೆ ಹೋಗಿಬರಬಹುದು ಎಂದು 2017ರ ತಿದ್ದುಪಡಿ ಸೇರಿಸಿತು. ಮಗು ಹತ್ತಿರದಲ್ಲಿದ್ದರೆ ಪಂಪಿನ ಗೊಡವೆಯೇ ಬೇಡವಲ್ಲ. ಶೌಚಾಲಯದಲ್ಲಿ ನಿಂತು ಹಾಲು ತೆಗೆಯುವ ಪರಿಸ್ಥಿತಿಯನ್ನು ಯಾವ ಸಂಸ್ಥೆಯೂ ತರಬಾರದು. ಈ ಪತ್ರಿಕೆಯನ್ನು ಓದುವವರಲ್ಲಿ ಮುಖ್ಯೋಪಾಧ್ಯಾಯರು, ಅಧಿಕಾರಿಗಳು, ಕಾರ್ಖಾನೆಗಳ ಮಾಲೀಕರು ಇದ್ದಾರೆ. ಒಂದು ಚಿಲಕ, ಒಂದು ಕುರ್ಚಿ, ಒಂದು ಪರದೆ ಇವಿಷ್ಟನ್ನು ಒದಗಿಸಲು ಆದೇಶಕ್ಕಾಗಿ ಕಾಯಬೇಕಾಗಿಲ್ಲ.

ತೆಗೆದ ಹಾಲು 25 ಡಿಗ್ರಿಯವರೆಗಿನ ತಂಪಾದ ಕೋಣೆಯಲ್ಲಿ 4 ಗಂಟೆ ಕೆಡದೆ ಇರುತ್ತದೆ. ಬೇಸಿಗೆಯ ಕಲಬುರಗಿ, ರಾಯಚೂರುಗಳಿಗೆ ಈ ಲೆಕ್ಕ ಹೊಂದದು. ಅಲ್ಲಿ ತೆಗೆದ ಕೂಡಲೇ ಮಂಜುಗಡ್ಡೆಯ ಪೊಟ್ಟಣಗಳಿರುವ ಶಾಖನಿರೋಧಕ ಚೀಲದಲ್ಲಿಟ್ಟು ಮನೆಗೆ ತರಬೇಕು. ಫ್ರಿಜ್ಜಿನಲ್ಲಿ 4 ದಿನ ಇಡಬಹುದೆನ್ನುತ್ತಾರೆ. ಕರೆಂಟು ಹೋಗಿ ಬರುವ ನಮ್ಮ ಊರುಗಳಲ್ಲಿ 24 ಗಂಟೆಯೊಳಗೆ ಮುಗಿಸುವುದು ಕ್ಷೇಮವೆಂದು ನನ್ನ ಅಭಿಪ್ರಾಯ. ಬಾಗಿಲಿನ ಅರೆಯಲ್ಲಿಡದೆ ಒಳಭಾಗದಲ್ಲಿ, 60 ಮಿಲಿಲೀಟರಿನಷ್ಟು ಸಣ್ಣ ಪಾಲುಗಳಾಗಿ, ದಿನಾಂಕ ಬರೆದು ಇಡಿರಿ. ಮೇಲೆ ಕೆನೆ ಕಟ್ಟುವುದು, ಹಾಲು ನೀಲಿಛಾಯೆಯಾಗಿ ಕಾಣುವುದು ಕೆಟ್ಟುದರ ಗುರುತಲ್ಲ. ಒಲೆಯ ಮೇಲೆ ಕಾಯಿಸಬಾರದು. ಬಿಸಿನೀರಿನ ಬಟ್ಟಲಿನಲ್ಲಿ ಪಾತ್ರೆಯನ್ನಿಟ್ಟು ಬೆಚ್ಚಗೆ ಮಾಡಿದರಾಯಿತು. ಮಗು ಕುಡಿದು ಬಿಟ್ಟದ್ದನ್ನು 2 ಗಂಟೆಯ ಮೇಲೆ ಮತ್ತೆ ಕುಡಿಸಬಾರದು. ಹಾಲು ತಗುಲಿದ ಪ್ರತಿ ಭಾಗವನ್ನೂ ಬಳಸಿದೊಡನೆ ಬಿಚ್ಚಿ, ಅದಕ್ಕೆಂದೇ ಇಟ್ಟ ಬೋಗುಣಿಯಲ್ಲಿ ಸಾಬೂನು ನೀರಿನಿಂದ ತೊಳೆದು ಗಾಳಿಗೆ ಒಣಗಿಸಬೇಕು.

ಪಂಪಿನ ಜೊತೆಗೆ ರಬ್ಬರಿನ ತೊಟ್ಟುಳ್ಳ ಶೀಶೆ ಬರುತ್ತದೆ. ಅದನ್ನು ಹಾಲು ಸಂಗ್ರಹಿಸಲಷ್ಟೇ ಬಳಸಿರಿ. ಕುಡಿಸಲು ನಮ್ಮ ಅಜ್ಜಿಯರ ಒಳಲೆ ಇದೆಯಲ್ಲ! ಶೀಶೆಗೆ ಒಗ್ಗಿದ ಕೆಲವು ಮಕ್ಕಳು ಎದೆಯನ್ನು ಒಲ್ಲೆ ಎನ್ನತೊಡಗುತ್ತವೆ. ಒಳಲೆಯಲ್ಲಿ ಆ ಭಯ ಕಡಿಮೆ, ತೊಳೆಯುವುದೂ ಸುಲಭ. ಮಗುವನ್ನು ತೊಡೆಯ ಮೇಲೆ ಕುಳ್ಳಿರಿಸಿದಂತೆ ಹಿಡಿದು, ತುಟಿಗೆ ಒಳಲೆಯ ಮೂತಿ ತಾಗಿಸಿ, ಅದು ಗುಟುಕರಿಸಿದಂತೆ ಸ್ವಲ್ಪ ಸ್ವಲ್ಪವೇ ಹನಿಸಬೇಕು. ಈ ಕೆಲಸ ಅಜ್ಜಿಯ ಪಾಲಿನದು, ಆದ್ದರಿಂದ ಅವರೊಡನೆಯೂ ಮಾತನಾಡಬೇಕು. ‘ಹಿಂಡಿಟ್ಟ ಹಾಲು ತಂಗಳು’, ‘ಬಿಸಿಲಿನಲ್ಲಿ ನಡೆದು ಬಂದವಳ ಹಾಲು ಕಾದಿರುತ್ತದೆ, ಚೆಲ್ಲಬೇಕು’ ಎಂಬ ಮಾತುಗಳು ಇನ್ನೂ ಕೇಳಿಬರುತ್ತವೆ. ಎದೆಯೊಳಗಿನ ಹಾಲು ಬಿಸಿಲಿಗೆ ಕೆಡುವುದಿಲ್ಲ. ತುಂಬಿ ಬಿಗಿದ ಎದೆಯಿಂದ ಸ್ವಲ್ಪ ಹಿಂಡಿ ಆಮೇಲೆ ಕುಡಿಸಬೇಕೆಂದು ಸುಶ್ರುತರು ಹೇಳಿರುವುದು ನಿಜ. ಅದು ಮಗುವಿಗೆ ನೆತ್ತಿಗೇರದಿರಲೆಂದು, ಕೆಮ್ಮು, ವಾಂತಿಗಳಾಗದಿರಲೆಂದು. ಸಂಜೆ ಮನೆಗೆ ಬಂದ ಸೊಸೆ ಕೈಕಾಲು ತೊಳೆದು ನೀರು ಕುಡಿದು ಮಗುವನ್ನೆತ್ತಿಕೊಳ್ಳಲಿ. ಅಡಿಗೆಯ ಕೆಲಸ ಅರ್ಧ ಗಂಟೆ ಬೇರೆಯವರ ಕೈಯಲ್ಲಿರಲಿ.

ರಜಾದಿನಗಳಲ್ಲಿ ಪಂಪನ್ನು ಮುಟ್ಟದೆ ನೇರವಾಗಿ ಹಾಲೂಡಿರಿ. ಆರು ತಿಂಗಳಾದ ಮೇಲೆ ರಾಗಿ ಮಣ್ಣಿ, ಹೆಸರುಬೇಳೆಯ ಗಂಜಿಗಳು ಸೇರಿದಂತೆ ಹಗಲಿನ ಹಾಲಿನ ಅಗತ್ಯ ಮೆಲ್ಲಗೆ ಇಳಿಯುತ್ತದೆ. ಆಗ ಹಾಲು ತೆಗೆಯುವ ಸರದಿಗಳನ್ನು ಒಮ್ಮೆಲೇ ನಿಲ್ಲಿಸದೆ, ಒಂದನ್ನು ಬಿಟ್ಟು ನಾಲ್ಕೈದು ದಿನ ನೋಡಿ, ಎದೆ ಬಿಗಿಯದಿದ್ದರೆ ಇನ್ನೊಂದನ್ನು ಬಿಡಬೇಕು. ಬೆಳಗಿನ ಮತ್ತು ರಾತ್ರಿಯ ಹಾಲು ಮಾತ್ರ ಮಗುವಿಗೆ ನೇರವಾಗಿ ಮುಂದುವರಿಯಲಿ.