ಮಕ್ಕಳೊಂದಿಗೆ ಹಳೆಯ ಹಡಗು ಹತ್ತೋಣ

ಶಾಲೆಗೆ ರಜೆ ಬಿದ್ದರೆ ಸಾಕು, "ಎಲ್ಲಿಗಾದರೂ ಹೋಗೋಣ" ಎಂಬ ಮಕ್ಕಳ ಹಟ ಶುರುವಾಗುತ್ತದೆ. ಹಿರಿಯರ ಮನಸ್ಸು ಕೂಡಲೇ ಬೆಂಗಳೂರು, ಮೈಸೂರಿನ ಕಡೆಗೆ ಓಡುತ್ತದೆ. ಖರ್ಚು ಮಾಡಿ, ದೂರ ಪ್ರಯಾಣಿಸಿ, ದೊಡ್ಡ ಮ್ಯೂಸಿಯಂ ಒಂದರ ಹತ್ತಾರು ಕೊಠಡಿಗಳನ್ನು ಸುತ್ತಿಸಿ ಕರೆತಂದ ಐದು ವರ್ಷದ ಮಗುವಿನೊಡನೆ, "ಏನು ನೋಡಿದೆ?" ಎಂದು ಕೇಳಿ ನೋಡಿ. "ಐಸ್‌ಕ್ರೀಮ್ ತಿಂದೆ" ಎನ್ನುತ್ತದೆ. ತಪ್ಪು ಮಗುವಿನದಲ್ಲ. ಗಾಜಿನ ಆಚೆ ಇಟ್ಟ ನೂರು ವಸ್ತುಗಳಿಗಿಂತ ಕೈಯಿಂದ ಮುಟ್ಟಿದ ಒಂದೇ ವಸ್ತು ಆ ವಯಸ್ಸಿನಲ್ಲಿ ನೆನಪಿನಲ್ಲಿ ಉಳಿಯುತ್ತದೆ.

ಭಟ್ಕಳ, ಹೊನ್ನಾವರ, ಕುಮಟಾದ ತಾಯಂದಿರಿಗೆ ಅಂಥ ಒಂದು ಜಾಗ ನಮ್ಮ ಜಿಲ್ಲೆಯಲ್ಲೇ ಇದೆ. ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ನಿಂತಿರುವ 'ಐ.ಎನ್.ಎಸ್. ಚಪಲ್' ಯುದ್ಧನೌಕೆ ವಸ್ತು ಸಂಗ್ರಹಾಲಯ. ಕುಮಟಾದಿಂದ ಸುಮಾರು 70 ಕಿ.ಮೀ., ಭಟ್ಕಳದಿಂದ ಸುಮಾರು 130 ಕಿ.ಮೀ. ಬೆಳಿಗ್ಗೆ ಹೊರಟರೆ ಸಂಜೆ ಮನೆಗೆ ಮರಳಬಹುದು. ಚಿಕ್ಕ ಮಕ್ಕಳಿಗೆ ಅಷ್ಟೇ ಸಾಕು.

ದಾರಿಯೇ ಮೊದಲ ಪಾಠ

ಮಕ್ಕಳನ್ನು ಕಾರಿನಲ್ಲಿ ಕೂರಿಸಿ ಕೈಗೆ ಮೊಬೈಲ್ ಕೊಟ್ಟುಬಿಡಬೇಡಿ. ಭಟ್ಕಳದಿಂದ ಕಾರವಾರಕ್ಕೆ ಹೋಗುವಾಗ ಮೂರು ದೊಡ್ಡ ನದಿಗಳನ್ನು ದಾಟಬೇಕು. ಹೊನ್ನಾವರದಲ್ಲಿ ಶರಾವತಿ, ಕುಮಟಾ ದಾಟಿದ ಮೇಲೆ ಅಘನಾಶಿನಿ, ಅಂಕೋಲೆಗೆ ಮುಂಚೆ ಗಂಗಾವಳಿ. ಪ್ರತಿ ಸೇತುವೆ ಬಂದಾಗಲೂ ಮಕ್ಕಳಿಗೆ ನದಿಯ ಹೆಸರು ಹೇಳಿ, ಒಂದು ಪ್ರಶ್ನೆ ಕೇಳಿ: "ಈ ಸೇತುವೆ ಇಲ್ಲದಿದ್ದಾಗ ಜನ ಹೇಗೆ ದಾಟುತ್ತಿದ್ದರು?" ಅವರು ಈಜಿಕೊಂಡು ಎನ್ನಬಹುದು, ಹಾರಿಕೊಂಡು ಎನ್ನಬಹುದು. ಎರಡು ದೋಣಿಗಳನ್ನು ಜೋಡಿಸಿ ಮೇಲೆ ಹಲಗೆ ಹಾಸಿದ ಜಂಗಲ್‌ನಲ್ಲಿ ಗಾಡಿಗಳನ್ನೂ ದಾಟಿಸುತ್ತಿದ್ದರೆಂದು ಆಗ ಹೇಳಿ. ಬಸ್ಸಿನಿಂದ ಇಳಿದು, ಹೊಳೆ ದಾಟಿ, ಆಚೆ ದಡದಲ್ಲಿ ಮತ್ತೊಂದು ಬಸ್ಸು ಹತ್ತಿದವರು ನಮ್ಮ ಮನೆಗಳ ಹಿರಿಯರಲ್ಲಿ ಇನ್ನೂ ಇದ್ದಾರೆ.

ಶರಾವತಿಯ ಮೇಲಿನ ರೈಲು ಸೇತುವೆಯನ್ನು ತಪ್ಪದೆ ತೋರಿಸಿ. ಎರಡು ಕಿಲೋಮೀಟರಿಗೂ ಉದ್ದವಾದ ಇದು ಕೊಂಕಣ ರೈಲು ಮಾರ್ಗದ ಅತಿ ಉದ್ದನೆಯ ಸೇತುವೆ. ಈ ಮಾರ್ಗ ಪೂರ್ತಿಯಾಗಿ ಸಂಚಾರಕ್ಕೆ ತೆರೆದದ್ದು 1998ರ ಜನವರಿ 26ರಂದು. ಈ ಮಾರ್ಗ ಬರುವ ತನಕ ನಮ್ಮ ಕರಾವಳಿಯ ಈ ಊರುಗಳಲ್ಲಿ ರೈಲಿನ ಶಿಳ್ಳೆಯೇ ಕೇಳಿರಲಿಲ್ಲ.

ಸಾಧ್ಯವಾದರೆ ಹೋಗುವಾಗ ಅಥವಾ ಬರುವಾಗ ಒಂದು ಸಲ ರೈಲಿನಲ್ಲೇ ಪ್ರಯಾಣಿಸಿ. ಪ್ಲಾಟ್‌ಫಾರಂನಲ್ಲಿ ಕಾಯುವಾಗ ಅದೃಷ್ಟವಿದ್ದರೆ ಲಾರಿಗಳನ್ನೇ ಹೊತ್ತ ಗೂಡ್ಸ್ ರೈಲು ಹಾದುಹೋಗುತ್ತದೆ. ಸರಕು ತುಂಬಿದ ಲಾರಿಗಳನ್ನು ರೈಲಿನ ಮೇಲೆ ಹತ್ತಿಸಿ ಒಯ್ಯುವ ಈ ರೋ-ರೋ ಸೇವೆಯನ್ನು ಕೊಂಕಣ ರೈಲ್ವೆ 1999ರಲ್ಲಿ ಆರಂಭಿಸಿತು. ಮಕ್ಕಳು ಇದನ್ನು ಕಂಡರೆ ಲಾರಿಗಳನ್ನು ಎಣಿಸದೆ ಬಿಡುವುದಿಲ್ಲ. ಆದರೆ ಕಾರವಾರದ ರೈಲು ನಿಲ್ದಾಣ ಪಟ್ಟಣದ ಹೊರಗೆ ಶಿರವಾಡದಲ್ಲಿದೆ, ಅಲ್ಲಿಂದ ಆಟೋ ಹಿಡಿಯಬೇಕು ಎಂಬುದು ನೆನಪಿರಲಿ.

ನೀರಿನಲ್ಲಿಲ್ಲದ ಹಡಗು

ಕಡಲತೀರಕ್ಕೆ ಬಂದೊಡನೆ ಮಕ್ಕಳು ಕೇಳುವ ಮೊದಲ ಪ್ರಶ್ನೆ, "ಹಡಗು ನೀರಿನಲ್ಲಿ ಯಾಕಿಲ್ಲ?" ಒಳ್ಳೆಯ ಪ್ರಶ್ನೆ. ಅಜ್ಜ ಕೆಲಸದಿಂದ ನಿವೃತ್ತರಾದಂತೆ ಹಡಗಿಗೂ ನಿವೃತ್ತಿ ಇದೆ ಎಂದು ಹೇಳಿ. ಸೋವಿಯತ್ ಒಕ್ಕೂಟದಲ್ಲಿ ನಿರ್ಮಾಣವಾದ ಈ ಕ್ಷಿಪಣಿ ನೌಕೆ 1976ರಲ್ಲಿ ಭಾರತೀಯ ನೌಕಾಪಡೆಗೆ ಸೇರಿತು. 2005ರಲ್ಲಿ ಸೇವೆ ಮುಗಿಸಿತು. 2006ರಲ್ಲಿ ಇಲ್ಲಿ ಸಂಗ್ರಹಾಲಯವಾಯಿತು. ಉದ್ದ ಸುಮಾರು 39 ಮೀಟರ್. ಹಡಗುಗಳ ಲೆಕ್ಕದಲ್ಲಿ ಇದು ಚಿಕ್ಕದೇ. ಚಿಕ್ಕ ಮಗುವಿನ ಕಾಲಿಗೂ ಗಮನಕ್ಕೂ ಒಗ್ಗುವುದು ಇಷ್ಟೇ ಗಾತ್ರ.

ಹೆಸರಿನಲ್ಲೂ ಒಂದು ತಮಾಷೆ ಇದೆ. ನಾವು 'ಬಾಯಿ ಚಪಲ' ಎನ್ನುವ ಚಪಲವೇ ಇದು. ಆದರೆ ಇಲ್ಲಿ ಅದರ ಅರ್ಥ ಚುರುಕು, ವೇಗ. ನೀರಿನ ಮೇಲೆ ಗಂಟೆಗೆ 60 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಓಡಬಲ್ಲ ಬಗೆಯ ನೌಕೆಗೆ ತಕ್ಕ ಹೆಸರೇ.

ಒಳಗೆ ಹೋದ ಮೇಲೆ ಎಲ್ಲವನ್ನೂ ವಿವರಿಸಲು ಹೋಗಬೇಡಿ. ಮಗುವೇ ಕಂಡುಹಿಡಿಯಲಿ. ಬಾಗಿಲುಗಳು ಯಾಕಿಷ್ಟು ಇಕ್ಕಟ್ಟು? ಹೊಸ್ತಿಲು ಯಾಕಿಷ್ಟು ಎತ್ತರ? ಒಂದು ಕೋಣೆಗೆ ನೀರು ನುಗ್ಗಿದರೂ ಪಕ್ಕದ ಕೋಣೆಗೆ ಹೋಗಬಾರದೆಂದು ಹೀಗೆ ಮಾಡಿರುತ್ತಾರೆ ಎಂದು ತಿಳಿದಾಗ ಮಗುವಿನ ಕಣ್ಣು ಅರಳುತ್ತದೆ. ಇಷ್ಟು ಸಣ್ಣ ಜಾಗದಲ್ಲಿ ಇಷ್ಟೊಂದು ಜನ ಹೇಗೆ ಮಲಗುತ್ತಿದ್ದರು, ಏನು ಉಣ್ಣುತ್ತಿದ್ದರು, ಮನೆಯ ನೆನಪಾದರೆ ಏನು ಮಾಡುತ್ತಿದ್ದರು ಎಂಬ ಮಾತು ಅಲ್ಲೇ ಹುಟ್ಟುತ್ತದೆ. ತಂದೆ ಕೊಲ್ಲಿ ದೇಶದಲ್ಲಿರುವ ಮಗುವಿಗೆ ಈ ಕೊನೆಯ ಪ್ರಶ್ನೆ ಬರಿಯ ಕುತೂಹಲದ್ದಲ್ಲ. ಅದು ಕೇಳಿದರೆ ನಿಧಾನವಾಗಿ ಉತ್ತರಿಸಿ.

ಪಕ್ಕದಲ್ಲೇ 2024ರಿಂದ ಟುಪೊಲೆವ್-142 ಎಂಬ ದೊಡ್ಡ ವಿಮಾನವೂ ನಿಂತಿದೆ. ಸಮುದ್ರದ ಮೇಲೆ ಬಹುದೂರ ಹಾರಿ ಕಣ್ಗಾವಲು ಇಡುತ್ತಿದ್ದ ಈ ಬಗೆಯ ವಿಮಾನಗಳು 1988ರಿಂದ 2017ರ ತನಕ ನಮ್ಮ ನೌಕಾಪಡೆಯಲ್ಲಿದ್ದವು. ರೆಕ್ಕೆಗಳ ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು 50 ಮೀಟರ್. ಎಂಜಿನ್ ಎಷ್ಟು, ಫ್ಯಾನ್ ಎಷ್ಟು ಎಂದು ಮಕ್ಕಳಿಂದ ಎಣಿಸಿ. ಎಂಜಿನ್ ನಾಲ್ಕು, ಆದರೆ ಫ್ಯಾನ್ ಎಂಟು. ಒಂದೊಂದು ಎಂಜಿನ್‌ಗೆ ಒಂದರ ಹಿಂದೆ ಒಂದರಂತೆ ಎರಡು ಫ್ಯಾನ್‌ಗಳು, ಒಂದು ಬಲಕ್ಕೆ ತಿರುಗಿದರೆ ಇನ್ನೊಂದು ಎಡಕ್ಕೆ.

ಯುದ್ಧದ ಬಗ್ಗೆ ಕೇಳಿದರೆ?

ಇದು ಯುದ್ಧನೌಕೆ. ಕ್ಷಿಪಣಿ ಕಂಡ ಹುಡುಗರು "ಢಿಶುಂ" ಎನ್ನುವುದು ಸಹಜ. ಗದರಿಸಬೇಡಿ, ಆದರೆ ಅದನ್ನು ಬರಿಯ ಆಟವಾಗಲೂ ಬಿಡಬೇಡಿ. ದೇಶದ ಕರಾವಳಿಯನ್ನು ಕಾಯಲು ಇಂಥವು ಬೇಕಾಗುತ್ತವೆ, ಆದರೆ ಇವು ಸಿಡಿದರೆ ಮನುಷ್ಯರು ಸಾಯುತ್ತಾರೆ, ಆದ್ದರಿಂದ ಯುದ್ಧ ಆಗದಿರುವುದೇ ಎಲ್ಲರಿಗೂ ಒಳ್ಳೆಯದು. ಐದಾರು ವರ್ಷದ ಮಗುವಿಗೆ ಇಷ್ಟು ಹೇಳಿದರೆ ಸಾಕು. ದೊಡ್ಡ ಮಕ್ಕಳಿಗೆ ಇತಿಹಾಸವನ್ನು ಸರಿಯಾಗಿ ಹೇಳಿ. 1971ರ ಯುದ್ಧದಲ್ಲಿ ಕರಾಚಿಯ ಮೇಲೆ ದಾಳಿ ನಡೆಸಿದ್ದು ಇದೇ ಮಾದರಿಯ ಮೊದಲಿನ ನೌಕೆಗಳು. ಚಪಲ್ ಬಂದದ್ದು ಅದಾದ ಐದು ವರ್ಷಗಳ ಮೇಲೆ.

ಕೆಲವು ಕಿವಿಮಾತುಗಳು

ಮಧ್ಯಾಹ್ನದ ಬಿಸಿಲಿಗೆ ಕಬ್ಬಿಣದ ಹಡಗು ಕಾದ ಹಂಚಿನಂತಾಗುತ್ತದೆ. ಬೆಳಗಿನ ಹೊತ್ತು ಅಥವಾ ಸಂಜೆ ಒಳ್ಳೆಯದು. ಏಣಿಗಳು ಕಡಿದಾಗಿರುವುದರಿಂದ ಪ್ರತಿಯೊಂದು ಚಿಕ್ಕ ಮಗುವಿನ ಜೊತೆ ಒಬ್ಬ ಹಿರಿಯರು ಇರಬೇಕು. ಎತ್ತಿಕೊಳ್ಳುವ ಮಗುವಿದ್ದರೆ ಸರದಿಯಂತೆ ಹೋಗಿ. ದುರಸ್ತಿಗಾಗಿ ಮುಚ್ಚಿರುವುದೂ ಉಂಟು, ಆದ್ದರಿಂದ ಮೊದಲೇ ವಿಚಾರಿಸಿ ಹೊರಡಿ. ಜೋರು ಮಳೆಗಾಲದಲ್ಲಿ ಈ ಪ್ರಯಾಣ ಬೇಡ. 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಇದೇ ಹೆದ್ದಾರಿಯಲ್ಲಿ ಜನ ಪ್ರಾಣ ಕಳೆದುಕೊಂಡದ್ದನ್ನು ನಾವು ಮರೆಯಲಾರೆವು. ಮತ್ತೊಂದು ಮಾತು: ಮಗುವಿಗೆ ಸಾಕೆನಿಸಿದ ಕೂಡಲೇ ಹೊರಗೆ ಬನ್ನಿ. ಅರ್ಧ ನೋಡಿ ಖುಷಿಯಿಂದ ಬಂದ ಮಗು ಇನ್ನೊಮ್ಮೆ ಹೋಗೋಣ ಎನ್ನುತ್ತದೆ. ಹಡಗಿನಿಂದ ಇಳಿದ ಮೇಲೆ ಮರಳಿನಲ್ಲಿ ಕೂತು ಬುತ್ತಿ ಬಿಚ್ಚಿ, ಕಾಗದ-ಪೆನ್ಸಿಲ್ ಕೊಟ್ಟು, ನೋಡಿದ್ದರಲ್ಲಿ ಒಂದನ್ನು ಬಿಡಿಸಲು ಹೇಳಿ.

ನಮ್ಮ ಊರಿನ ಹಡಗುಗಳು ಎಲ್ಲಿ?

ಮನೆಗೆ ಬಂದ ಮೇಲೆ ಮಗು ಕೇಳಬಹುದು, "ನಮ್ಮ ಊರಿಗೆ ಹಡಗು ಬರುತ್ತಿತ್ತಾ?" ಬರುತ್ತಿತ್ತು ಮಾತ್ರವಲ್ಲ, ನಮ್ಮ ಊರುಗಳು ಬೆಳೆದದ್ದೇ ಹಡಗುಗಳಿಂದ. ವಿಜಯನಗರದ ಅರಸರಿಗೆ ಅರಬ್ ಕುದುರೆಗಳು ಭಟ್ಕಳದ ಬಂದರಿನಲ್ಲಿ ಬಂದಿಳಿಯುತ್ತಿದ್ದವು. ಹದಿನಾಲ್ಕನೇ ಶತಮಾನದ ಪ್ರವಾಸಿ ಇಬ್ನ್ ಬತೂತ 'ಹಿನವ್ರ್' ಎಂಬ ಊರಿಗೆ ಬಂದಿದ್ದರು. ಇತಿಹಾಸಕಾರರು ಅದನ್ನು ಹೊನ್ನಾವರವೆಂದು ಗುರುತಿಸುತ್ತಾರೆ. ಅಲ್ಲಿ ಹುಡುಗಿಯರಿಗಾಗಿ 13, ಹುಡುಗರಿಗಾಗಿ 23 ಶಾಲೆಗಳಿದ್ದವೆಂದು ಅವರು ಬರೆದಿಟ್ಟಿದ್ದಾರೆ. ಈ ಸಮುದ್ರದ ಹಡಗುಗಳ ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನ ಹಗ್ಗದಿಂದ ಹೊಲಿಯುತ್ತಿದ್ದರು, ಬಂಡೆಗೆ ತಾಗಿದರೂ ಅವು ಸುಲಭಕ್ಕೆ ಒಡೆಯುತ್ತಿರಲಿಲ್ಲ ಎಂದೂ ಅವರೇ ಹೇಳಿದ್ದಾರೆ. ಹಡಗನ್ನು ಬಟ್ಟೆಯಂತೆ ಹೊಲಿಯುತ್ತಿದ್ದರು ಎಂದರೆ ಯಾವ ಮಗು ತಾನೇ ನಂಬೀತು!

ಕುಮಟಾದ ಕಥೆ ಇನ್ನೊಂದು. ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಇಲ್ಲಿನ ಬಂದರಿಗೆ ಬರುತ್ತಿತ್ತು. ಹೀಗಾಗಿ ಆ ಹತ್ತಿಗೆ ದೂರದ ಪೇಟೆಗಳಲ್ಲಿ 'ಕುಮಟಾ ಹತ್ತಿ' ಎಂದೇ ಹೆಸರಾಯಿತು. 1861ರಿಂದ 1865ರ ತನಕ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ಇಲ್ಲಿನ ಹತ್ತಿಗೆ ಬೇಡಿಕೆ ಏರಿತು. ಮುಂದೆ ಘಟ್ಟದ ಮೇಲಿನಿಂದ ಗೋವಾದ ಮರ್ಮಗೋವಾ ಬಂದರಿಗೆ ರೈಲು ಬಂತು. ಸರಕು ಆ ಕಡೆ ತಿರುಗಿತು, ಕುಮಟಾದ ಬಂದರು ಸೊರಗಿತು. ಒಂದು ದಾರಿ ಊರನ್ನು ಬೆಳೆಸುತ್ತದೆ, ಇನ್ನೊಂದು ದಾರಿ ಅದನ್ನು ಮರೆಸುತ್ತದೆ ಎಂಬುದನ್ನು ದೊಡ್ಡ ಮಕ್ಕಳು ಇದರಿಂದ ಚೆನ್ನಾಗಿ ತಿಳಿಯಬಲ್ಲರು.

ಮನೆಯಲ್ಲೇ ಒಂದು ಮ್ಯೂಸಿಯಂ

ಇವೆಲ್ಲ ಪುಸ್ತಕದಲ್ಲಿ ಸಿಗುತ್ತವೆ. ಪುಸ್ತಕದಲ್ಲಿ ಸಿಗದ್ದು ನಮ್ಮ ಮನೆಯ ಹಿರಿಯರ ನೆನಪು. ಮುಂಬಯಿಯಿಂದ ಜಿದ್ದಾಕ್ಕೆ ಹಜ್ ಯಾತ್ರಿಕರನ್ನು ಒಯ್ಯುತ್ತಿದ್ದ ಹಡಗು ಸೇವೆ 1995ರಲ್ಲಿ ಕೊನೆಗೊಂಡಿತು. ಮುಂಬಯಿಯಿಂದ ಕೊಲ್ಲಿಯ ಬಂದರುಗಳಿಗೆ ಓಡುತ್ತಿದ್ದ 'ದ್ವಾರಕಾ' ಹಡಗು 1982ರಲ್ಲೇ ನಿಂತಿತು. ಹಾಗಾದರೆ ಹಡಗಿನಲ್ಲಿ ಹಜ್‌ಗೆ ಹೋಗಿಬಂದವರಿಗೆ, ಹಡಗಿನಲ್ಲಿ ದುಡಿಯಲು ಹೋದವರಿಗೆ ಈಗ ಎಷ್ಟು ವಯಸ್ಸು? ಲೆಕ್ಕ ಹಾಕಿ ನೋಡಿ. ಆ ಬಾಯಿಗಳು ಮೌನವಾದರೆ ಡೆಕ್ಕಿನ ಮೇಲೆ ಹಾಸಿದ ಚಾಪೆ, ವಾಂತಿ ಮಾಡಿಕೊಂಡ ಮೊದಲ ರಾತ್ರಿ, ದಡ ಕಂಡಾಗಿನ ಅಳು ಯಾವ ಸಂಗ್ರಹಾಲಯದಲ್ಲೂ ಸಿಗಲಾರದು.

ಆದ್ದರಿಂದ ಕಾರವಾರದಿಂದ ಬಂದ ವಾರವೇ ಮಕ್ಕಳಿಗೊಂದು ಕೆಲಸ ಕೊಡಿ. ಮನೆಯ ಒಂದು ಕಪಾಟಿನ ಒಂದೇ ಅರೆ ಖಾಲಿ ಮಾಡಿ. ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಲ್ಲಿರುವ ಹಳೆಯ ಪಾಸ್‌ಪೋರ್ಟ್, ಮಾಸಿದ ಟಿಕೆಟ್, ಬಂದರಿನಲ್ಲಿ ತೆಗೆಸಿದ ಫೋಟೋ, ದೋಣಿಯ ಹುಟ್ಟು, ಸೈಕಲ್ಲಿನ ದೀಪ, ಎತ್ತಿನ ಕೊರಳ ಗಂಟೆ, ಏನು ಸಿಕ್ಕಿದರೂ ಸರಿ. ಹತ್ತು ವಸ್ತು ಸಾಕು. ಒಂದೊಂದರ ಮುಂದೆ ಒಂದು ಚೀಟಿ: ಇದು ಯಾರದು, ಎಲ್ಲಿಂದ ಎಲ್ಲಿಗೆ ಹೋಯಿತು, ಯಾವ ವರ್ಷ. ಅಕ್ಷರ ಬರುವ ಮಕ್ಕಳು ಬರೆಯಲಿ, ಬಾರದವರು ಚಿತ್ರ ಬಿಡಿಸಲಿ. ಅಜ್ಜ ಮಾತನಾಡುವಾಗ ಮೊಬೈಲಿನಲ್ಲಿ ಧ್ವನಿ ದಾಖಲಿಸಿಕೊಳ್ಳಿ. ಶಾಲೆಯಲ್ಲಿ ಒಂದು ತರಗತಿಯ ಮಕ್ಕಳೆಲ್ಲ ಹೀಗೆ ಮಾಡಿ ಒಂದೊಂದು ವಸ್ತು ತಂದರೆ ಒಂದು ಕೋಣೆ ತುಂಬುತ್ತದೆ. ಮೀನುಗಾರರ ಮನೆಯ ಮಗು ಬಲೆ ತರಬಹುದು, ರೈಲ್ವೆ ನೌಕರನ ಮಗು ಹಸಿರು ಬಾವುಟ ತರಬಹುದು. ಊರಿನ ಎಲ್ಲ ಮನೆಗಳ ದಾರಿಗಳೂ ಒಂದೇ ಕೋಣೆಯಲ್ಲಿ ಕೂಡಿಕೊಳ್ಳುತ್ತವೆ.

ಚಪಲ್ ಅನ್ನು ಕಾಯಲು ಸಿಬ್ಬಂದಿ ಇದ್ದಾರೆ. ಅಜ್ಜನ ತಗಡಿನ ಪೆಟ್ಟಿಗೆಯನ್ನು ಕಾಯಲು ನಾವೇ ಆಗಬೇಕು. ಮುಂದಿನ ರಜೆಗೆ ಹಡಗು ನೋಡಲು ಹೊರಡುವಾಗ ಕಾರಿನಲ್ಲಿ ಇನ್ನೂ ಒಂದು ಜಾಗ ಉಳಿಸಿಕೊಳ್ಳಿ, ಅಜ್ಜನನ್ನೋ ಅಜ್ಜಿಯನ್ನೋ ಜೊತೆಗೆ ಕರೆದೊಯ್ಯಿರಿ. ಫಲಕದ ಮೇಲಿರುವುದನ್ನು ನೀವು ಓದಿ ಹೇಳಬಹುದು. ಉಳಿದದ್ದನ್ನು ಅವರು ಹೇಳುತ್ತಾರೆ.